ಒಣಗಿಸಿದವನಿಗೇ ದಂಡ

ಪದವಿ ಪಡೆದ ಗೆಳೆಯ ಗೆಳತಿಯರೇ, ಹೊಗಳಿಕೆ ಇವತ್ತು ನಿಮಗೆ ಊಟದ ಪಂಕ್ತಿಯಲ್ಲೂ ಸಿಗುತ್ತದೆ. ಸಸ್ಯರೋಗಶಾಸ್ತ್ರದಲ್ಲೇ ವಯಸ್ಸು ಕಳೆದ ನನಗೊಂದು ಚಿಂತೆಯಿದೆ, ಅದನ್ನು ನಿಮ್ಮ ಮುಂದಿಡುತ್ತೇನೆ. ನಮ್ಮ ಶಾಸ್ತ್ರ ಬೆಳೆಯನ್ನು ಬಿತ್ತನೆಯಿಂದ ಕಟಾವಿನವರೆಗೆ ಕಾಯುತ್ತದೆ, ಕಟಾವಾದ ಕೂಡಲೇ ಕೈ ತೊಳೆದುಕೊಳ್ಳುತ್ತದೆ. ಶೇಂಗಾ, ಮೆಕ್ಕೆಜೋಳಗಳಲ್ಲಿ ಮನುಷ್ಯನ ಪ್ರಾಣಕ್ಕೇ ಎರವಾಗುವ ಬೂಷ್ಟು ಹೊಲದಲ್ಲಿ ಶುರು ಮಾಡಿದ ಕೆಲಸವನ್ನು ಮುಗಿಸುವುದು ಅಲ್ಲಿಂದಾಚೆಗೆ: ಕಣದಲ್ಲಿ, ಚೀಲದಲ್ಲಿ, ಗೋದಾಮಿನಲ್ಲಿ.

ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ, ಅದು ಸುರಿಸುವ ಅಫ್ಲಾಟಾಕ್ಸಿನ್ ಎಂಬ ವಿಷ, ಇವೆರಡನ್ನೂ ನೀವು ಪರೀಕ್ಷೆಗೆ ಓದಿದ್ದೀರಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದು ಸುಮಾರು 1 ಲಕ್ಷ ಟರ್ಕಿ ಕೋಳಿಗಳು ಸತ್ತಾಗ ಈ ವಿಷ ಬೆಳಕಿಗೆ ಬಂತು. ಕೋಳಿಗಳ ಸುದ್ದಿಯನ್ನು ಪಠ್ಯಪುಸ್ತಕಗಳು ನೆನಪಿಟ್ಟಷ್ಟು ಚೆನ್ನಾಗಿ ಮನುಷ್ಯರ ಸುದ್ದಿಯನ್ನು ನೆನಪಿಟ್ಟಿಲ್ಲ. 1974ರಲ್ಲಿ ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳ ಆದಿವಾಸಿ ಹಳ್ಳಿಗಳಲ್ಲಿ ಅಕಾಲದ ಮಳೆಗೆ ನೆನೆದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಕಾಮಾಲೆಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ ಸತ್ತರು. ಅದೇ ರೊಟ್ಟಿ ತಿಂದ ಮನೆಯ ನಾಯಿಗಳಿಗೂ ಅದೇ ಗತಿಯಾಯಿತು. 1995ರಲ್ಲಿ ನಮ್ಮ ದಖ್ಖನ್ನಿನಲ್ಲೇ, ಕರ್ನಾಟಕ ಮತ್ತು ಆಂಧ್ರದ ಹಳ್ಳಿಗಳಲ್ಲಿ, ಮಳೆಗೆ ಸಿಕ್ಕಿ ಕಪ್ಪಾದ ಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಕಾಣಿಸಿಕೊಂಡವು. ಅಲ್ಲಿದ್ದದ್ದು ಫ್ಯುಮೊನಿಸಿನ್ ಎಂಬ ಇನ್ನೊಂದು ಬೂಷ್ಟಿನ ವಿಷ. 2004ರಲ್ಲಿ ಕೀನ್ಯಾದಲ್ಲಿ ಒದ್ದೆ ಮೆಕ್ಕೆಜೋಳಕ್ಕೆ 125 ಜನ ಬಲಿಯಾದರು. ಮೂರು ಕಡೆಯೂ ತಿಂದವರು ಚಿಕ್ಕ ಹಿಡುವಳಿದಾರರು ಅಥವಾ ಕೂಲಿಯವರು, ಮೂರು ಕಡೆಯೂ ಕಾಳು ಒದ್ದೆಯಾಗಿತ್ತು. ಅಫ್ಲಾಟಾಕ್ಸಿನ್ ಕುದಿಸಿದರೂ ಹುರಿದರೂ ಪೂರ್ತಿ ಹೋಗದ ವಿಷ. ಕಡಿಮೆ ಪ್ರಮಾಣದಲ್ಲಿ ವರ್ಷಗಟ್ಟಲೆ ಒಳಗೆ ಹೋದರೆ ಯಾರ ಕಣ್ಣಿಗೂ ಬೀಳದೆ ಯಕೃತ್ತಿನ ಕ್ಯಾನ್ಸರ್ ತರುತ್ತದೆ.

ಈಗ ಒಬ್ಬ ಹಿರಿಯರನ್ನು ನೆನೆಯುತ್ತೇನೆ, ಸ್ವಲ್ಪ ದೀರ್ಘವಾಗಿಯೇ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ ಬಂದರು. ಮಲೆನಾಡಿನಲ್ಲಿ ಆಗ ಅಡಿಕೆಗೆ ಕೊಳೆರೋಗ. ಮಳೆ ಹಿಡಿದರೆ ಗೊನೆಗಳಿಂದ ಹಸಿರು ಕಾಯಿ ಉದುರಿ ಬುಡದಲ್ಲಿ ರಾಶಿಯಾಗುತ್ತಿತ್ತು. ಬೆಳೆಗಾರರು ಸುಮ್ಮನೆ ಕೂತಿರಲಿಲ್ಲ. ಪ್ರತಿ ಗೊನೆಗೂ ಕೊಟ್ಟೆ ಕಟ್ಟಿ ಮಳೆಯಿಂದ ಮರೆ ಮಾಡುತ್ತಿದ್ದರು. ಕೋಲ್ಮನ್ ರೋಗಕ್ಕೆ ಕಾರಣ ಫೈಟಾಫ್ತರ ಎಂಬ ರೋಗಾಣು ಎಂದು ಗುರುತಿಸಿದರು, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಬೋರ್ಡೋ ದ್ರಾವಣವನ್ನು ಅಡಿಕೆ ಮರದ ತುದಿಗೆ ಏರಿಸಿದರು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮಳೆಗೆ ಮುಂಚೆ ಒಮ್ಮೆ, ನಲವತ್ತು ದಿನ ಕಳೆದು ಇನ್ನೊಮ್ಮೆ. ಒಂದು ಶತಮಾನ ಕಳೆದರೂ ಮಲೆನಾಡಿನಲ್ಲಿ ಕೊಳೆಗೆ ಮದ್ದು ಎಂದರೆ ಮೊದಲು ನೆನಪಾಗುವುದು ಅದೇ. ಇನ್ನೊಂದು ಸಂಗತಿಯನ್ನು ಗಮನಿಸಿ. ದ್ರಾವಣ ಹದವಾಗಿದೆಯೇ ಎಂದು ನೋಡಲು ಬೆಳೆಗಾರ ಕಬ್ಬಿಣದ ಕತ್ತಿಯ ಅಲಗನ್ನು ಅದರಲ್ಲಿ ಅದ್ದುತ್ತಾನೆ. ಅಲಗು ತಾಮ್ರದ ಬಣ್ಣಕ್ಕೆ ತಿರುಗಿದರೆ ಇನ್ನಷ್ಟು ಸುಣ್ಣ ಬೇಕು. ಪ್ರಯೋಗಶಾಲೆಯ ಪರೀಕ್ಷೆಯೊಂದು ತೋಟದ ಕತ್ತಿಯ ತುದಿಗೆ ಬಂತು. ವಿಸ್ತರಣೆಯ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಗೆಲುವು ನಮ್ಮ ನಾಡಿನಲ್ಲಿ ಆಗಿಲ್ಲ ಎಂಬುದು ನನ್ನ ಎಣಿಕೆ.

ಕೋಲ್ಮನ್ ಗೆದ್ದದ್ದು ವಿಜ್ಞಾನ ಸರಿಯಿದ್ದುದರಿಂದ ಮಾತ್ರವಲ್ಲ. ಕೊಳೆ ಬಂದರೆ ನಷ್ಟ ತೋಟದವನಿಗೆ, ಮದ್ದು ಹೊಡೆದರೆ ಲಾಭವೂ ಅವನಿಗೆ, ಅದೂ ಅದೇ ವರ್ಷ, ಅದೇ ಅಂಗಳದಲ್ಲಿ. 2018ರ ಮೇ ತಿಂಗಳಲ್ಲಿ ದೇಶದಲ್ಲೇ ಮೊದಲ ಬಾರಿಗೆ ಶಿವಮೊಗ್ಗದಲ್ಲಿ ಫಾಲ್ ಸೈನಿಕ ಹುಳು ಕಾಣಿಸಿಕೊಂಡಾಗಲೂ ಹೀಗೆಯೇ ಆಯಿತು. ಸುಳಿ ತಿಂದದ್ದು ಕಣ್ಣಿಗೆ ಕಾಣುತ್ತಿತ್ತು, ರೈತ ತಾನಾಗಿ ಓಡಿ ಬಂದ. ಅಫ್ಲಾಟಾಕ್ಸಿನ್ ವಿಷಯದಲ್ಲಿ ಈ ನಂಟೇ ಕಡಿದುಹೋಗಿದೆ. ನಷ್ಟ ಬೀಳುವುದು ಎಲ್ಲೋ ಇರುವ ಮಗುವಿನ ಮೇಲೆ, ಹಸುವಿನ ಮೇಲೆ. ಲಾಭ? ಲೆಕ್ಕ ಹಾಕೋಣ. ಚಳ್ಳಕೆರೆ, ಪಾವಗಡದ ಕಡೆಯ ರೈತನೊಬ್ಬ ನೂರಕ್ಕೆ 12 ಪಾಲು ತೇವವಿರುವ ಒಂದು ಕ್ವಿಂಟಾಲ್ ಶೇಂಗಾ ಕಾಯಿಯನ್ನು ಶಾಸ್ತ್ರ ಹೇಳಿದಂತೆ 8ಕ್ಕೆ ಒಣಗಿಸಿದರೆ ತೂಕದಲ್ಲಿ 4 ಕಿಲೋಗೂ ಹೆಚ್ಚು ಕಳೆದುಕೊಳ್ಳುತ್ತಾನೆ. ಮೇಲೆ ಎರಡು ಮೂರು ದಿನದ ಆಳು, ಟಾರ್ಪಾಲು, ಮೋಡದ ಆತಂಕ. ಚೀಲಕ್ಕೆ ಕೈಹಾಕಿ ಕಾಯಿ ಅಲ್ಲಾಡಿಸಿ ನೋಡುವ ವ್ಯಾಪಾರಿ ತೀರ ಹಸಿಯಾದದ್ದಕ್ಕೆ ಬೆಲೆ ಇಳಿಸಬಹುದು. 12ಕ್ಕೂ 8ಕ್ಕೂ ನಡುವಿನ ಅಂತರ ಅವನ ಕೈಗೆ ಹತ್ತುವುದಿಲ್ಲ. ಹತ್ತಿದರೂ ಹೇಳಬೇಕಾದ ಗರಜು ಅವನಿಗಿಲ್ಲ. ನಮ್ಮ ಮಾರುಕಟ್ಟೆ ನೀರಿಗೆ ಬೆಲೆ ಕೊಡುತ್ತದೆ, ಒಣಗಿಸಿದವನಿಗೆ ದಂಡ ಹಾಕುತ್ತದೆ. ಹೀಗಿರುವಾಗ ನಾವು ಮಡಿಕೆಪತ್ರ ಹಂಚಿ, ರೈತರಲ್ಲಿ ಅರಿವಿಲ್ಲ ಎಂದು ವರದಿ ಬರೆಯುತ್ತೇವೆ. ಅರಿವು ಅವನಿಗಿದೆ, ಲೆಕ್ಕವೂ ಬರುತ್ತದೆ.

ರೋಗನಿರೋಧಕ ತಳಿ ಬಂದರೆ ಇದೆಲ್ಲ ತಾನೇ ಬಗೆಹರಿಯುತ್ತದೆ ಎಂದು ನಿಮ್ಮಲ್ಲಿ ಜಾಣರು ಹೇಳುತ್ತೀರಿ. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆ ಅಂಥ ತಳಿಯನ್ನು ದಶಕಗಳಿಂದ ಹುಡುಕುತ್ತಿದೆ. ಸಿಕ್ಕಿರುವುದು ಅರೆ ನಿರೋಧ. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ನೆಲ ಕಾದರೆ ಅದೂ ಮುರಿಯುತ್ತದೆ. ಹುಡುಕಾಟ ನಿಲ್ಲಬೇಕೆಂದು ಹೇಳುತ್ತಿಲ್ಲ, ಅದನ್ನು ನೆಪ ಮಾಡಿಕೊಳ್ಳಬೇಡಿ ಎನ್ನುತ್ತಿದ್ದೇನೆ. ಇನ್ನು ಕೆಲವರು ಆಫ್ರಿಕಾದ ಅಫ್ಲಾಸೇಫ್ ಕಡೆ ಬೆರಳು ತೋರಿಸುತ್ತಾರೆ. ವಿಷ ಸುರಿಸದ ಅದೇ ಜಾತಿಯ ಶಿಲೀಂಧ್ರವನ್ನು ಹೊಲಕ್ಕೆ ಎರಚಿದರೆ ಅದು ವಿಷಕಾರಿಯ ಜಾಗ ಹಿಡಿಯುತ್ತದೆ. ಒಳ್ಳೆಯ ವಿದ್ಯೆ, ಕೆಲಸ ಮಾಡುತ್ತದೆ. ಆದರೆ ನೈಜೀರಿಯಾದಲ್ಲಿ ಅದನ್ನು ರೈತರಲ್ಲಿ ಹರಡಲು ಉಪಚರಿಸಿದ ಮೆಕ್ಕೆಜೋಳಕ್ಕೆ ಟನ್ನಿನ ಲೆಕ್ಕದಲ್ಲಿ ಪ್ರೋತ್ಸಾಹಧನ ಕೊಡಬೇಕಾಯಿತು. ಅಲ್ಲಿಯೂ ಪ್ರಶ್ನೆ ಶುದ್ಧ ಕಾಳಿಗೆ ಹಣ ಕೊಡುವವರು ಯಾರು ಎಂಬಲ್ಲಿಗೇ ಬಂದು ನಿಂತಿತು.

ಆ ಹಣ ಕೊಡದಿದ್ದರೆ ಏನಾಗುತ್ತದೆ ಎಂಬುದು ನಮ್ಮ ಹಾಲಿನ ಲೋಟದಲ್ಲೇ ಇದೆ. ಯೂರೋಪು ನೇರವಾಗಿ ತಿನ್ನುವ ಶೇಂಗಾದಲ್ಲಿ ಕಿಲೋಗೆ 4 ಮೈಕ್ರೋಗ್ರಾಂ ಅಫ್ಲಾಟಾಕ್ಸಿನ್ ದಾಟಿದರೆ ಬಾಗಿಲು ಹಾಕುತ್ತದೆ. ಅಲ್ಲಿಗೆ ಹೋಗುವ ಕಾಳನ್ನು ಆರಿಸುವಾಗ ಹೊರಬಿದ್ದ ಸುಕ್ಕು ಕಾಳು, ಬಣ್ಣಗೆಟ್ಟ ಕಾಳು ತಿಪ್ಪೆಗೆ ಹೋಗುವುದಿಲ್ಲ, ಗಾಣಕ್ಕೆ ಹೋಗುತ್ತದೆ. ವಿಷದ ಬಹುಪಾಲು ಹಿಂಡಿಯಲ್ಲಿ ಉಳಿಯುತ್ತದೆ, ಹಿಂಡಿ ಹಸುವಿಗೆ ಹೋಗುತ್ತದೆ, ಒಂದು ದಿನದೊಳಗೆ ಎಂ1 ಎಂಬ ರೂಪದಲ್ಲಿ ಹಾಲಿಗೆ ಇಳಿಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ ಸಂಗ್ರಹಿಸಿದ 6,432 ಹಾಲಿನ ಮಾದರಿಗಳಲ್ಲಿ 368ರಲ್ಲಿ ಎಂ1 ಮಿತಿ ಮೀರಿತ್ತು. ಆದರೆ ಪರಿಹಾರವೂ ಅದೇ ಹಾಲಿನ ಡೇರಿಯಲ್ಲಿದೆ. ಹಳ್ಳಿಯ ಸಹಕಾರ ಸಂಘ ಹಾಲನ್ನು ಬರೀ ಅಳತೆಯ ಮೇಲೆ ಕೊಳ್ಳುವುದಿಲ್ಲ; ಕೊಬ್ಬು ಮತ್ತು ಘನಾಂಶ ನೋಡಿ ದರ ಕಟ್ಟುತ್ತದೆ, ಅದೂ ಹಾಲು ಹಾಕಿದವರ ಎದುರಿಗೆ. ಹಾಗಾಗಿ ನೀರು ಬೆರೆಸಿದರೆ ಗಿಟ್ಟುವುದಿಲ್ಲ. ಎರಡು ಹಸು ಕಟ್ಟಿದ ಹೆಣ್ಣುಮಗಳಿಗೂ ತನ್ನ ಹಾಲಿನ ಫ್ಯಾಟ್ ಎಷ್ಟೆಂದು ಗೊತ್ತಿರುತ್ತದೆ. ಶೇಂಗಾ, ಮೆಕ್ಕೆಜೋಳಗಳನ್ನೂ ಒಣ ತೂಕಕ್ಕೆ ಪರಿವರ್ತಿಸಿ ಕೊಳ್ಳಬೇಕು. ತೇವಮಾಪಕ ತೋರಿಸಿದ ಅಂಕಿಯನ್ನು ಚೀಟಿಯಲ್ಲಿ ಬರೆದು, 8ರ ತೇವಕ್ಕೆ ಲೆಕ್ಕ ಹಾಕಿ, ಅದರ ಮೇಲೊಂದಿಷ್ಟು ಬಹುಮಾನವಾಗಿ ಕೊಡಬೇಕು. ಬೆಂಬಲ ಬೆಲೆಯ ಖರೀದಿಯಲ್ಲಿ ತೇವದ ಮಿತಿ ಈಗಲೂ ಇದೆ. ಆದರೆ ಅದು ತಿರಸ್ಕರಿಸುವ ಮಿತಿ, ಹೆಚ್ಚು ಒಣಗಿಸಿದವನಿಗೆ ಹೆಚ್ಚು ಕೊಡುವುದಿಲ್ಲ.

ಒಣ ತೂಕದ ಈ ಲೆಕ್ಕಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಬರಗಾಲದಲ್ಲಿ ಶಿಲೀಂಧ್ರ ಮಣ್ಣಿನಲ್ಲೇ ಕಾಯಿಯನ್ನು ಹೊಕ್ಕಿರುತ್ತದೆ, ಒಣಗಿಸಿದ ಮಾತ್ರಕ್ಕೆ ಆಗಲೇ ಹುಟ್ಟಿದ ವಿಷ ಹೋಗುವುದಿಲ್ಲ. ನಿಜ. ಒಣಗಿಸುವುದು ಮುಂದಿನದನ್ನು ಮಾತ್ರ ತಡೆಯುತ್ತದೆ. ಹಾಗಿದ್ದರೆ ತೇವದ ಬದಲು ವಿಷವನ್ನೇ ಅಳೆದು ದರ ಕಟ್ಟೋಣ ಎಂದರೆ, ಸಾವಿರಾರು ಕಾಳಿನಲ್ಲಿ ಬೆರಳೆಣಿಕೆಯ ಕಾಳುಗಳೇ ವಿಷದ ಬಹುಪಾಲನ್ನು ಹೊತ್ತಿರುತ್ತವೆ. ಒಂದು ಹಿಡಿ ಮಾದರಿ ತೆಗೆದು ಐದು ಚೀಲದವನ ಹಣೆಬರಹ ಬರೆಯುವುದು ಅನ್ಯಾಯ. ತೇವವನ್ನು ಚೀಲ ಚೀಲಕ್ಕೂ ಅಳೆಯಬಹುದು, ರೈತನ ಕಣ್ಣೆದುರಿಗೆ ಅಳೆಯಬಹುದು. ವಿಷದ ಪರೀಕ್ಷೆ ಗೋದಾಮಿನ ಮಟ್ಟದಲ್ಲಿ, ಕೊಳ್ಳುವವನ ಖರ್ಚಿನಲ್ಲಿ ಆಗಲಿ. ಹೊಲದ ಪಾಲಿನ ಕೆಲಸ ಹೇಗೂ ಇದ್ದೇ ಇದೆ. ಕಾಯಿ ಕಟ್ಟುವ ಹೂಡುಗಳು ನೆಲಕ್ಕಿಳಿಯುವ ಹೊತ್ತಿಗೆ ಜಿಪ್ಸಮ್ ಕೊಡುವುದು, ಗೆದ್ದಲು ಕಾಯಿ ಕೊರೆಯದಂತೆ ನೋಡಿಕೊಳ್ಳುವುದು, ಸೊರಗಿ ಸತ್ತ ಗಿಡದ ಕಾಯಿಯನ್ನು ರಾಶಿಗೆ ಬೆರೆಸದಿರುವುದು, ಕಿತ್ತ ಗಿಡವನ್ನು ಕಾಯಿ ಮೇಲಾಗಿ ಒಣಗಲು ಬಿಡುವುದು, ಹಸಿಯಾಗಿ ಬಣವೆ ಒಟ್ಟದಿರುವುದು. ಸುಲಿಯುವಾಗ ಕಾಳು ಒಡೆಯದಿರಲೆಂದು ಕಾಯಿಗೆ ನೀರು ಚಿಮುಕಿಸುವ ರೂಢಿಯಂತೂ ಇಂದೇ ನಿಲ್ಲಬೇಕು.

ನಿಮ್ಮ ಬಗ್ಗೆ ನನಗೊಂದು ಅಸಹನೆಯಿದೆ, ಹಿರಿಯನ ಮಾತೆಂದು ಸಹಿಸಿಕೊಳ್ಳಿ. ಎಲೆಯ ಫೋಟೋ ತೆಗೆದರೆ ರೋಗದ ಹೆಸರು ಹೇಳುವ ಆ್ಯಪ್ ಮಾಡುವ ಹುಮ್ಮಸ್ಸು ನಿಮ್ಮಲ್ಲಿ ಧಾರಾಳವಾಗಿದೆ. ಅಫ್ಲಾಟಾಕ್ಸಿನ್ ಫೋಟೋದಲ್ಲಿ ಬರುವುದಿಲ್ಲ. ಶಿಲೀಂಧ್ರದ ನೂರು ಮಾದರಿ ಕೂಡಿಹಾಕಿ ಇಷ್ಟು ವಿಷಕಾರಿ, ಇಷ್ಟು ಅಲ್ಲ ಎಂದು ಕೋಷ್ಟಕ ಬರೆಯುವ ಪ್ರಬಂಧಗಳೂ ಸಾಕು. ಕೃಷಿ ಅರ್ಥಶಾಸ್ತ್ರದ ಗೆಳೆಯರನ್ನು ಜೊತೆಗೆ ಕರೆದುಕೊಂಡು ಮಂಡಿಯ ತೂಕದ ಕಟ್ಟೆಯ ಮೇಲೊಂದು ಪ್ರಬಂಧ ಬರೆಯಿರಿ. ರೈತ ಸಂಪರ್ಕ ಕೇಂದ್ರಕ್ಕೆ ಹೋಗುವವರು ಮೊದಲ ವರ್ಷವೇ ಒಂದು ತೇವಮಾಪಕ ತರಿಸಿ, ಅದನ್ನು ಬೀರುವಿನಲ್ಲಿಡದೆ ಕಣದಿಂದ ಕಣಕ್ಕೆ ಕಳಿಸಿ. ಬ್ಯಾಂಕಿಗೆ ಸೇರುವವರು ಟ್ರ್ಯಾಕ್ಟರಿಗೆ ಕೊಡುವಷ್ಟೇ ಸಲೀಸಾಗಿ ಟಾರ್ಪಾಲಿಗೂ ಒಣಗಿಸುವ ಯಂತ್ರಕ್ಕೂ ಸಾಲ ಕೊಡಿ. ಹಸು ಸಾಕುವವರು ಕೇಳಿದರೆ ಬೂಷ್ಟು ಹಿಡಿದ ಹಿಂಡಿ ನಿಲ್ಲಿಸಲು ಹೇಳಿ. ನಿಲ್ಲಿಸಿದ ಕೆಲವೇ ದಿನಗಳಲ್ಲಿ ಹಾಲು ತಿಳಿಯಾಗುತ್ತದೆ. ರೈತ ಉತ್ಪಾದಕ ಕಂಪನಿಗಳಿಗೆ ಹೋಗುವವರಲ್ಲಿ ಮಾತ್ರ ನನ್ನದು ಬೇಡಿಕೆ. ಒಂದು ಹಂಗಾಮು ಒಣ ತೂಕದ ಲೆಕ್ಕದಲ್ಲಿ ಶೇಂಗಾ ಕೊಳ್ಳಿ, ಲಾಭವಾಗಲಿ ನಷ್ಟವಾಗಲಿ ಆ ವರ್ಷದ ಲೆಕ್ಕಪತ್ರವನ್ನು ಎಲ್ಲರೂ ಓದುವಂತೆ ಪ್ರಕಟಿಸಿ.