ನೆಲನೆಲ್ಲಿಯ ಪರೀಕ್ಷೆ

ಮಳೆ ಹಿಡಿದ ಕೆಲವೇ ದಿನಗಳಲ್ಲಿ ಹಿತ್ತಿಲಲ್ಲಿ, ಗದ್ದೆಯ ಬದುವಿನಲ್ಲಿ ತಾನಾಗಿ ಹುಟ್ಟುವ ಗೇಣುದ್ದದ ಗಿಡ ನೆಲನೆಲ್ಲಿ. ಎಲೆಯ ಕಡ್ಡಿಯನ್ನು ತಿರುಗಿಸಿ ನೋಡಿದರೆ ಅಡಿಯಲ್ಲಿ ಸಣ್ಣ ಸಣ್ಣ ಕಾಯಿಗಳು ಸಾಲಾಗಿ ಕುಳಿತಿರುತ್ತವೆ. ಕಾಮಾಲೆಯಾದವರಿಗೆ ಇದನ್ನು ಅರೆದು ಕೊಡುವ ವಾಡಿಕೆ ನಮ್ಮಲ್ಲಿ ಹಳೆಯದು. ಇಂಥ ಗಿಡವೊಂದರಿಂದ ಯಕೃತ್ತಿನ, ಎಂದರೆ ಲಿವರಿನ, ಕ್ಯಾನ್ಸರು ವಾಸಿಯಾಯಿತೆಂಬ ಸುದ್ದಿಯನ್ನು ನೀವು ಓದಿದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ವಾಸಿಯಾದುದು ಯಾರಿಗೆ? ಬಹುಮಟ್ಟಿಗೆ ಉತ್ತರ, ಇಲಿಗೆ.

ಇಲಿಯೆಂದು ತಾತ್ಸಾರ ಬೇಡ. ಪ್ರಯೋಗದ ಕ್ರಮ ಹೀಗಿದೆ. ಒಂದೇ ತಳಿಯ, ಒಂದೇ ವಯಸ್ಸಿನ ಇಲಿಗಳನ್ನು ಗುಂಪುಗಳಾಗಿ ವಿಂಗಡಿಸುತ್ತಾರೆ. ಮೊದಲನೆಯ ಗುಂಪಿಗೆ ಬರಿಯ ಆಹಾರ, ನೀರು. ಎರಡನೆಯದಕ್ಕೆ ನೈಟ್ರೋಸೊಡೈಈಥೈಲಮೀನ್ ಎಂಬ ವಿಷವನ್ನು ಅಲ್ಪಸ್ವಲ್ಪವಾಗಿ ವಾರಗಟ್ಟಲೆ ಕೊಡುತ್ತಾರೆ. ಯಕೃತ್ತಿನಲ್ಲಿ ಗಂಟುಗಳು ಏಳುತ್ತವೆ. ಮೂರನೆಯದಕ್ಕೆ ಅದೇ ವಿಷ, ಜೊತೆಗೆ ಗಿಡದ ಸತ್ವ. ಕೊನೆಗೆ ಯಕೃತ್ತುಗಳನ್ನು ತೂಗಿ, ರಕ್ತದ ಕಿಣ್ವಗಳನ್ನು ಅಳೆದು, ತೆಳು ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಗುಂಪಿಗೆ ಗುಂಪನ್ನು ಹೋಲಿಸುತ್ತಾರೆ. ಕೇರಳದ ತ್ರಿಶ್ಶೂರಿನ ಅಮಲ ಕ್ಯಾನ್ಸರ್ ಸಂಶೋಧನ ಕೇಂದ್ರದವರು 1999ರಲ್ಲಿ ಪ್ರಕಟಿಸಿದ ಇಂಥದೊಂದು ಪರೀಕ್ಷೆಯಲ್ಲಿ ನೆಲನೆಲ್ಲಿ, ಬೆಟ್ಟದ ನೆಲ್ಲಿ, ಕಟುಕರೋಹಿಣಿ ಈ ಮೂರೂ ಹಾನಿಯನ್ನು ತಗ್ಗಿಸಿದುವು. ಮರುವರ್ಷದ ವರದಿಯಂತೆ, ಕ್ಯಾನ್ಸರು ಬೆಳೆದ ಮೇಲೆ ನೆಲನೆಲ್ಲಿಯ ಸತ್ವ ಪಡೆದ ಇಲಿಗಳು, ಪಡೆಯದ ಇಲಿಗಳಿಗಿಂತ ಹೆಚ್ಚು ಕಾಲ ಬದುಕಿದುವು.

ಇದು ಸಣ್ಣ ಮಾತಲ್ಲ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಆ ವಿಷ ಇದ್ದ ಹಾಗೆಯೇ ಕೇಡು ಮಾಡುವುದಿಲ್ಲ. ಯಕೃತ್ತಿನ ಕಿಣ್ವಗಳೇ ಅದನ್ನು ಮಾರ್ಪಡಿಸಿ ಹರಿತಗೊಳಿಸುತ್ತವೆ. ವಿಷದ ಜೊತೆಯಲ್ಲೇ ಕೊಟ್ಟ ಸತ್ವ ಆ ಕಿಣ್ವಗಳನ್ನು ತಡೆದರೂ ಸಾಕು, ಗಂಟುಗಳು ಕಡಿಮೆಯಾದಾವು. ಆಗ ಗಿಡ ತಡೆದದ್ದು ಒಂದು ವಿಷವನ್ನು ಮಾತ್ರ. ಮನುಷ್ಯನಿಗಾದರೋ ಈ ರೋಗ ಬರುವ ದಾರಿಗಳು ಬೇರೆ: ಹೆಪಟೈಟಿಸ್ ಬಿ ಮತ್ತು ಸಿ ವೈರಸ್ಸುಗಳು, ಮದ್ಯ, ಬೂಷ್ಟು ಹಿಡಿದ ಕಡಲೆಕಾಯಿ ಮತ್ತು ಮೆಕ್ಕೆಜೋಳದಲ್ಲಿರುವ ಅಫ್ಲಟಾಕ್ಸಿನ್. ಇಲಿಯಲ್ಲಿ ತಿಂಗಳುಗಳಲ್ಲಿ ಆಗುವುದು ನಮ್ಮಲ್ಲಿ ಹತ್ತಾರು ವರ್ಷ ಹಿಡಿಯುತ್ತದೆ.

ಆದ್ದರಿಂದ ವಿಜ್ಞಾನಿಗಳು ಇನ್ನೊಂದು ಪ್ರಾಣಿಯನ್ನು ಹುಡುಕಿದರು. ಉತ್ತರ ಅಮೆರಿಕದಲ್ಲಿ ವುಡ್‌ಚಕ್ ಎಂಬ, ಅಳಿಲಿನ ಕುಲಕ್ಕೆ ಸೇರಿದ ಬಿಲವಾಸಿ ಇದೆ. ನಮ್ಮ ಹೆಪಟೈಟಿಸ್ ಬಿ ವೈರಸ್ಸಿನ ದಾಯಾದಿಯೊಂದು ಅದಕ್ಕೆ ತಗುಲಿ ಯಕೃತ್ತಿನ ಕ್ಯಾನ್ಸರು ತರುತ್ತದೆ. ಹೆಪಟೈಟಿಸ್ ಬಿ ಶೋಧಕ್ಕಾಗಿ 1976ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಬರೂಕ್ ಬ್ಲೂಂಬರ್ಗ್ ಮತ್ತು ಸಂಗಡಿಗರು, ನೆಲನೆಲ್ಲಿಯ ಸತ್ವ ಕೆಲವು ವುಡ್‌ಚಕ್‌ಗಳಲ್ಲಿ ಈ ವೈರಸ್ಸನ್ನು ಕುಗ್ಗಿಸಿತೆಂದು 1987ರಲ್ಲಿ ತಿಳಿಸಿದರು. 1988ರಲ್ಲಿ ಮದರಾಸಿನಿಂದ ಮನುಷ್ಯರ ಮೇಲಿನ ವರದಿ ಬಂದಿತು. ತಿಂಗಳ ಕಾಲ ಪುಡಿ ಸೇವಿಸಿದ 37 ವಾಹಕರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮರೆಯಾಯಿತು. ಬರಿಯ ಹುಸಿಮದ್ದು ಪಡೆದ 23ರಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. ಜಗತ್ತೇ ಕಿವಿಗೊಟ್ಟಿತು. ಆದರೆ ಮುಂದೆ ಬೇರೆಬೇರೆ ಕಡೆ ನಡೆದ ಹಲವು ಪರೀಕ್ಷೆಗಳಲ್ಲಿ ಆ ಫಲ ಮರಳಿ ದೊರೆಯಲಿಲ್ಲ. ಒಮ್ಮೆ ಕಂಡದ್ದು ಮತ್ತೊಬ್ಬರ ಕೈಯಲ್ಲೂ ಕಂಡ ಮೇಲೆಯೇ ಅದು ಔಷಧ.

ಹಾಗಾದರೆ ಕಾಮಾಲೆಗೆ ನೆಲನೆಲ್ಲಿ ಕೊಟ್ಟು ಗುಣವಾದವರ ಮಾತು ಸುಳ್ಳೇ? ಸುಳ್ಳಲ್ಲ, ಅವರು ಗುಣವಾದುದು ನಿಜ. ಕೊಳೆತ ನೀರಿನಿಂದ ಬರುವ ಹೆಪಟೈಟಿಸ್ ಎ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ; ಕೀರ್ತಿ ಆಗ ಕೈಯಲ್ಲಿದ್ದ ಸೊಪ್ಪಿಗೆ ಸಲ್ಲುತ್ತದೆ. ಅಪಾಯವಿರುವುದು ಇಲ್ಲಿಯೇ. ಹೆಪಟೈಟಿಸ್ ಬಿ ಕಣ್ಣಿನ ಹಳದಿಯನ್ನು ತೋರಿಸದೆಯೂ ಒಳಗೆ ಅಡಗಿರಬಲ್ಲುದು. ಹೆರಿಗೆಯ ವೇಳೆ ತಾಯಿಯಿಂದ ಸೋಂಕು ತಗುಲಿದ ಕೂಸುಗಳಲ್ಲಿ ನೂರಕ್ಕೆ 90ರಷ್ಟು ಅದನ್ನು ಬಾಳೆಲ್ಲ ಹೊತ್ತು ನಡೆಯುತ್ತವೆ. ಹಳದಿ ಇಳಿಯಿತೆಂದು ಸಮಾಧಾನಪಟ್ಟ ಮನೆಯಲ್ಲಿ ರೋಗ ಕಾಲಕ್ಕಾಗಿ ಕಾಯುತ್ತಿರಬಹುದು. ಸೊಪ್ಪು ಅರೆಯುವ ಮೊದಲು ರಕ್ತಪರೀಕ್ಷೆ ಮಾಡಿಸಿ. ಬಿ ವೈರಸ್ಸನ್ನು ಅದುಮಿಡುವ ಗುಳಿಗೆಗಳು, ಸಿ ವೈರಸ್ಸನ್ನು ಬಹುಪಾಲು ರೋಗಿಗಳಲ್ಲಿ ಪೂರ್ತಿ ಅಳಿಸುವ ಗುಳಿಗೆಗಳು ಇಂದು ಇವೆ.

ಇದಕ್ಕೂ ಮಿಗಿಲಾದುದು ಲಸಿಕೆ. ತೈವಾನಿನಲ್ಲಿ 1984ರಿಂದ ನವಜಾತ ಶಿಶುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕತೊಡಗಿದರು. ಅಲ್ಲಿನ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರು ಸುಮಾರು ಅರ್ಧಕ್ಕೆ ಇಳಿದುದು 1997ರಲ್ಲಿ ವರದಿಯಾಯಿತು. ನಮ್ಮ ದೇಶದ ಲಸಿಕಾ ಕಾರ್ಯಕ್ರಮದಲ್ಲಿಯೂ ಇದು ಸೇರಿದೆ. ಹುಟ್ಟಿದ 24 ಗಂಟೆಯೊಳಗೆ ಮೊದಲ ಚುಚ್ಚುಮದ್ದು ಬೀಳಬೇಕು.

ನೆಲನೆಲ್ಲಿಯ ಮೇಲೆ ಸಂಶೋಧನೆ ನಡೆಯಲಿ, ಅದರಲ್ಲಿ ಅಡಗಿದ ಗುಣ ಹೊರಬರಲಿ. ಅಲ್ಲಿಯವರೆಗೆ ನಿಮ್ಮ ಮನೆಗೆ ಕೂಸು ಬಂದ ದಿನ, ಹೆಸರಿಡುವ ಯೋಚನೆಗೆ ಮೊದಲು, ಆ ಚುಚ್ಚುಮದ್ದು ಆಯಿತೇ ಎಂದು ಕೇಳಿ.