ಕಂತಿನ ಭಾರ, ಕಂತಿಲ್ಲದ ಭಾರ: ಆರೋಗ್ಯ ವಿಮೆ ಮತ್ತು ಶ್ರಾವಕ ಕುಟುಂಬ



ದಶಲಕ್ಷಣ ಪರ್ವದಲ್ಲಿ ಉತ್ತಮ ತ್ಯಾಗ ಧರ್ಮದ ವಿವೇಚನೆ ನಡೆಯುವ ದಿನ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳ ಹೆಸರನ್ನು ಕೇಳದ ಶ್ರಾವಕನಿಲ್ಲ. ಈ ನಾಲ್ಕರಲ್ಲಿ ಔಷಧದಾನದ ಸ್ವರೂಪವೇ ಕಾಲದೊಡನೆ ಹೆಚ್ಚು ಬದಲಾದುದು. ಹಿಂದೆ ಅದು ಕಷಾಯ, ಚೂರ್ಣ, ಪಥ್ಯದ ಅನ್ನಕ್ಕೆ ಸೀಮಿತವಾಗಿತ್ತು. ಇಂದು ಹೃದಯದ ಶಸ್ತ್ರಚಿಕಿತ್ಸೆ, ಕ್ಯಾನ್ಸರ್ ಚಿಕಿತ್ಸೆ, ಡಯಾಲಿಸಿಸ್‌ಗಳ ವೆಚ್ಚ ಲಕ್ಷಗಳಲ್ಲಿದೆ. ಬೆಳಗಾವಿ, ಹುಬ್ಬಳ್ಳಿ, ಮೂಡುಬಿದಿರೆ, ಕಾರ್ಕಳಗಳಿಂದ ಹೊರಟು ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ, ದೆಹಲಿಗಳಲ್ಲಿ ನೆಲೆಸಿದ ಕುಟುಂಬಗಳಿಗೆ ಈ ವೆಚ್ಚ ಇನ್ನೂ ಕಠಿಣವಾದುದು. ಊರಿನಲ್ಲಿ ಅಣ್ಣತಮ್ಮಂದಿರ ಮನೆ, ಪರಿಚಯದ ವೈದ್ಯರು, ಸಾಲ ಕೊಡುವ ಸಹಕಾರಿ ಸಂಘ ಇರುತ್ತವೆ. ಪರಊರಿನ ಆಸ್ಪತ್ರೆಯ ಕೌಂಟರಿನ ಮುಂದೆ ಗಂಡಹೆಂಡಿರು ಇಬ್ಬರೇ ನಿಲ್ಲಬೇಕಾಗುತ್ತದೆ.

ಆದರೂ ಪ್ರತಿ ವರ್ಷ ನವೀಕರಣದ ಸೂಚನೆ ಬಂದಾಗ ಅನೇಕ ಮನೆಗಳಲ್ಲಿ ಒಂದೇ ಮಾತು ಏಳುತ್ತದೆ: ಕಳೆದ ವರ್ಷ ಒಂದು ರೂಪಾಯಿಯ ಕ್ಲೇಮೂ ಆಗಲಿಲ್ಲ, ಕಟ್ಟಿದ ಹಣ ನೀರಿಗೆ ಹೋಯಿತು, ಅದೇ ಹಣವನ್ನು ಬ್ಯಾಂಕಿನಲ್ಲಿಟ್ಟಿದ್ದರೆ ಬೆಳೆಯುತ್ತಿತ್ತು. ಈ ಮಾತು ಅವಿವೇಕದ್ದಲ್ಲ. ಇದಕ್ಕೆ ಗದರಿಕೆಯಿಂದಲ್ಲ, ಲೆಕ್ಕದಿಂದ ಉತ್ತರಿಸಬೇಕು.

ಗಂಡ, ಹೆಂಡತಿ, ಇಬ್ಬರು ಮಕ್ಕಳ ಕುಟುಂಬವೊಂದರ ವಾರ್ಷಿಕ ಕಂತು 30,000 ರೂಪಾಯಿ ಎಂದಿಟ್ಟುಕೊಳ್ಳೋಣ. ಆ ಕುಟುಂಬ ವಿಮೆಯನ್ನು ಬಿಟ್ಟು ಪ್ರತಿ ವರ್ಷದ ಆರಂಭದಲ್ಲಿ ಅಷ್ಟೇ ಹಣವನ್ನು ಶೇಕಡಾ 7ರ ಬಡ್ಡಿಗೆ ಇಟ್ಟರೆ ಐದು ವರ್ಷಗಳಲ್ಲಿ ಸುಮಾರು 1.85 ಲಕ್ಷ, ಹತ್ತು ವರ್ಷಗಳಲ್ಲಿ ಸುಮಾರು 4.4 ಲಕ್ಷ, ಇಪ್ಪತ್ತು ವರ್ಷಗಳಲ್ಲಿ ಸುಮಾರು 13 ಲಕ್ಷ ರೂಪಾಯಿ ಕೂಡುತ್ತದೆ. ಇಪ್ಪತ್ತು ವರ್ಷ ಯಾರಿಗೂ ದೊಡ್ಡ ಕಾಯಿಲೆ ಬಾರದಿದ್ದರೆ ಉಳಿತಾಯವೇ ಗೆದ್ದಂತೆ. ಆದರೆ ಐದನೆಯ ವರ್ಷದಲ್ಲಿ ಆರು ಲಕ್ಷದ ಬಿಲ್ಲು ಬಂದರೆ ಗಂಟಿನಲ್ಲಿರುವುದು ಅದರ ಮೂರನೆಯ ಒಂದು ಭಾಗಕ್ಕೂ ಕಡಿಮೆ. ಉಳಿದುದಕ್ಕೆ ಆಭರಣ ಅಡವಿಗೆ ಹೋಗುತ್ತದೆ, ಇಲ್ಲವೆ ಮಗಳ ಕಾಲೇಜಿನ ಹಣ ಆಸ್ಪತ್ರೆಗೆ ಸಲ್ಲುತ್ತದೆ. ಉಳಿತಾಯಕ್ಕೆ ಕಾಲ ಬೇಕು. ಕಾಯಿಲೆ ಆ ಕಾಲವನ್ನು ಕೊಡುವುದಿಲ್ಲ.

ಆದುದರಿಂದ ಕಂತು ಮರಳಿ ಬಂತೇ ಎಂದು ಕೇಳುವುದಕ್ಕಿಂತ, ಯಾವ ನಷ್ಟವನ್ನು ಈ ಮನೆ ತಾನೇ ತಾಳಬಲ್ಲದು, ಯಾವುದನ್ನು ತಾಳಲಾರದು ಎಂದು ಕೇಳುವುದು ಸರಿ. ಜ್ವರ, ಹಲ್ಲುನೋವು, ವರ್ಷದ ಪರೀಕ್ಷೆಗಳನ್ನು ಮನೆಯ ಆದಾಯವೇ ಹೊರಬೇಕು. ಮನೆಯನ್ನು ಹತ್ತು ವರ್ಷ ಹಿಂದಕ್ಕೆ ತಳ್ಳುವ ವೆಚ್ಚಕ್ಕೆ ವಿಮೆ ಬೇಕು. ಇವೆರಡನ್ನೂ ಬೆರೆಸಿದವರು, ಚಿಕ್ಕ ಖರ್ಚಿಗೂ ಹಣ ಕೊಡುವ ದುಬಾರಿ ಪಾಲಿಸಿಯನ್ನು ಕೊಂಡು, ಎರಡು ವರ್ಷಗಳಲ್ಲಿ ಬೇಸತ್ತು ಬಿಟ್ಟುಬಿಡುತ್ತಾರೆ.

ವಿಮೆ ಬೇಡವೆನ್ನುವವರ ಎರಡು ವಾದಗಳು ಸಮಾಜದೊಳಗೇ ಹುಟ್ಟಿದವು. ಮದ್ಯ, ಮಾಂಸ, ಮಧುಗಳನ್ನು ತ್ಯಜಿಸಿ, ರಾತ್ರಿಭೋಜನವನ್ನು ವರ್ಜಿಸಿದ ಮನೆಗೆ ರೋಗದ ಭಯವೇಕೆ ಎಂಬುದು ಮೊದಲನೆಯದು. ಸಂಯಮ ಆರೋಗ್ಯಕ್ಕೆ ಹಿತವೆಂಬುದರಲ್ಲಿ ವಿವಾದವಿಲ್ಲ. ಆದರೆ ಸಿಹಿಮೂತ್ರ ರೋಗ, ರಕ್ತದೊತ್ತಡ, ಮೂತ್ರಪಿಂಡದ ಕಲ್ಲು ಸಸ್ಯಾಹಾರಿಯ ಮನೆಯ ಬಾಗಿಲನ್ನೂ ತಟ್ಟುತ್ತವೆ. ರಸ್ತೆಯ ಅಪಘಾತ ಯಾರ ಆಹಾರ ನಿಯಮವನ್ನೂ ವಿಚಾರಿಸುವುದಿಲ್ಲ.

ಎರಡನೆಯ ವಾದ ಕರ್ಮದ್ದು. ರೋಗವು ಅಸಾತಾ ವೇದನೀಯ ಕರ್ಮದ ಉದಯ, ಅದನ್ನು ಅನುಭವಿಸಿಯೇ ತೀರಿಸಬೇಕು ಎಂಬ ಮಾತು ಹಿರಿಯರ ಬಾಯಲ್ಲಿ ಕೇಳಿಬರುತ್ತದೆ. ಕರ್ಮಸಿದ್ಧಾಂತ ಪುರುಷಾರ್ಥವನ್ನು ನಿಷೇಧಿಸಿದ್ದರೆ ಔಷಧದಾನಕ್ಕೆ ಅರ್ಥವೇ ಇರುತ್ತಿರಲಿಲ್ಲ. ಆಚಾರ್ಯ ಸಮಂತಭದ್ರರ ಕಥೆಯನ್ನು ಇಲ್ಲಿ ನೆನೆಯಬೇಕು. ಭಸ್ಮಕ ವ್ಯಾಧಿಯಿಂದ ಬಳಲಿದ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಒಪ್ಪಲಿಲ್ಲ. ಅವರಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಇನ್ನೂ ಉಳಿದಿತ್ತು. ಆದ್ದರಿಂದ ಮುನಿಲಿಂಗವನ್ನು ತಾತ್ಕಾಲಿಕವಾಗಿ ತೊರೆದಾದರೂ ರೋಗವನ್ನು ನೀಗಿಸಿಕೊಳ್ಳುವುದಕ್ಕೆ ಅವರು ಆಜ್ಞಾಪಿಸಿದರೆಂದು ಪರಂಪರೆ ಹೇಳುತ್ತದೆ. ಮುಂದೆ ಅದೇ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನದ ಸಂದರ್ಭಗಳನ್ನು ಹೇಳುವಾಗ, ಪ್ರತೀಕಾರವಿಲ್ಲದ ಸ್ಥಿತಿಯನ್ನೇ ನಿಬಂಧನೆಯಾಗಿಟ್ಟರು. ಪ್ರತೀಕಾರವಿರುವ ರೋಗಕ್ಕೆ ಹಣವಿಲ್ಲವೆಂಬ ಕಾರಣದಿಂದ ಚಿಕಿತ್ಸೆ ತಪ್ಪಿದರೆ ಅದಕ್ಕೆ ಕರ್ಮದ ಹೆಸರಿಡುವುದು ಶಾಸ್ತ್ರಕ್ಕೂ ಅನ್ಯಾಯ, ರೋಗಿಗೂ ಅನ್ಯಾಯ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಷವನ್ನೂ ತೂಗಬೇಕು. ಪಾಲಿಸಿ ಕೊಂಡವರಿಗೆಲ್ಲ ರಕ್ಷಣೆ ಸಿಗುತ್ತದೆಯೆಂಬುದು ನಿಜವಲ್ಲ. ಐದು ಲಕ್ಷದ ಪಾಲಿಸಿಯಲ್ಲಿ ಕೊಠಡಿಯ ಬಾಡಿಗೆಗೆ ದಿನಕ್ಕೆ ಶೇಕಡಾ 1ರ ಮಿತಿಯಿದ್ದರೆ ಅದು 5,000 ರೂಪಾಯಿ. ರೋಗಿ 10,000 ರೂಪಾಯಿಯ ಕೊಠಡಿಗೆ ಸೇರಿದರೆ ಬಾಡಿಗೆಯ ವ್ಯತ್ಯಾಸ ಮಾತ್ರವಲ್ಲ, ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕ ಮೊದಲಾದವುಗಳಲ್ಲಿಯೂ ಅದೇ ಪ್ರಮಾಣದ ಕಡಿತ ಬೀಳಬಹುದು. ಸಹಪಾವತಿಯ ನಿಬಂಧನೆಯಿದ್ದರೆ ಬಿಲ್ಲಿನ ಒಂದು ಪಾಲು ಪ್ರತಿ ಸಲವೂ ರೋಗಿಯದೇ. ಕಣ್ಣಿನ ಪೊರೆ, ಹರ್ನಿಯಾ, ಕೀಲು ಬದಲಾವಣೆಗಳಿಗೆ ಸಾಮಾನ್ಯವಾಗಿ ಕಾಯುವ ಅವಧಿಯಿದೆ. ಕಂತು ವಯಸ್ಸಿನೊಡನೆ ಏರುತ್ತದೆ. ಇವನ್ನೆಲ್ಲ ಓದದೆ, ಏಜೆಂಟರು ಬೆರಳಿಟ್ಟಲ್ಲಿ ಸಹಿ ಹಾಕಿದವನು ಕಂತನ್ನೂ ತೆರುತ್ತಾನೆ, ಬಿಲ್ಲನ್ನೂ ತೆರುತ್ತಾನೆ.

ನಿಯಮಗಳು ಕೆಲಮಟ್ಟಿಗೆ ಗ್ರಾಹಕನ ಕಡೆಗೆ ವಾಲಿವೆ. ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ, ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಗರಿಷ್ಠ ಅವಧಿಯನ್ನು 4 ವರ್ಷಗಳಿಂದ 3 ವರ್ಷಗಳಿಗೆ ಇಳಿಸಿತು. 5 ವರ್ಷ ಎಡೆಬಿಡದೆ ನಡೆದ ಪಾಲಿಸಿಯಲ್ಲಿ, ವಂಚನೆ ಸಾಬೀತಾದ ಹೊರತು, ಮಾಹಿತಿ ಮುಚ್ಚಿಟ್ಟರೆಂಬ ನೆಪದಿಂದ ಕ್ಲೇಮನ್ನು ತಿರಸ್ಕರಿಸುವಂತಿಲ್ಲ; ಹಿಂದೆ ಈ ಗಡುವು 8 ವರ್ಷವಿತ್ತು. ನಗದುರಹಿತ ಚಿಕಿತ್ಸೆಯ ಕೋರಿಕೆಗೆ 1 ಗಂಟೆಯೊಳಗೆ, ಬಿಡುಗಡೆಯ ಅಂತಿಮ ಬಿಲ್ಲಿಗೆ 3 ಗಂಟೆಯೊಳಗೆ ಕಂಪನಿ ಉತ್ತರಿಸಬೇಕು. ಅನ್ಯಾಯವಾದರೆ ಮೊದಲು ಕಂಪನಿಗೆ ಲಿಖಿತ ದೂರು, ಅಲ್ಲಿ ಪರಿಹಾರ ದೊರೆಯದಿದ್ದರೆ ವಿಮಾ ಒಂಬುಡ್ಸ್‌ಮನ್ನರಿಗೆ ಶುಲ್ಕವಿಲ್ಲದೆ ದೂರು. ವಕೀಲರ ಅಗತ್ಯವೂ ಇಲ್ಲ. ಈ ದಾರಿಯನ್ನು ತಿಳಿಯದೆ ಮೊದಲ ನಿರಾಕರಣೆಗೇ ಸುಮ್ಮನಾಗುವುದು ಹಕ್ಕನ್ನು ಕೈಯಾರೆ ಬಿಟ್ಟಂತೆ.

ಇಲ್ಲಿ ಒಂದು ಧರ್ಮಸೂಕ್ಷ್ಮವೂ ಇದೆ. ಅರ್ಜಿಯಲ್ಲಿ ಸಕ್ಕರೆ ಕಾಯಿಲೆಯನ್ನು ಬರೆಯಬೇಡಿ, ಕಂತು ಹೆಚ್ಚುತ್ತದೆ ಎಂದು ಪಿಸುಗುಟ್ಟುವವರಿದ್ದಾರೆ. ಸತ್ಯಾಣುವ್ರತ ಬಸದಿಯೊಳಗೆ ಮಾತ್ರ ಪಾಲಿಸುವ ವ್ರತವಲ್ಲ. ಮುಚ್ಚಿಟ್ಟ ಕಾಯಿಲೆ ಆಸ್ಪತ್ರೆಯ ಹಳೆಯ ಕಾಗದದಲ್ಲಿ ಕಾಣಿಸಿಕೊಂಡ ದಿನ ಕ್ಲೇಮು ಬೀಳುತ್ತದೆ, ಪಾಲಿಸಿಯೂ ಬೀಳಬಹುದು. ನಿಜ ಬರೆದವನು ಹೆಚ್ಚು ಕಂತು ತೆತ್ತು ಕಾಯುವ ಅವಧಿಯನ್ನು ದಾಟಿದರೆ ಅವನ ರಕ್ಷಣೆ ಗಟ್ಟಿಯಾಗಿರುತ್ತದೆ. ಇಲ್ಲಿ ವ್ರತವೂ ಲಾಭವೂ ಒಂದೇ ದಾರಿಯಲ್ಲಿವೆ.

ಎಲ್ಲ ಮನೆಗಳಿಗೂ ಒಂದೇ ತೀರ್ಮಾನ ಒಪ್ಪುವುದಿಲ್ಲ. ಮೂವತ್ತು, ನಲವತ್ತರ ಹರೆಯದ ದುಡಿಯುವ ದಂಪತಿಗಳಿಗೆ ವಿಮೆಯಿಲ್ಲದಿರುವುದಕ್ಕೆ ಸಮರ್ಥನೆಯಿಲ್ಲ. ಕಂತು ಕಡಿಮೆಯಿರುವುದೂ, ಕಾಯುವ ಅವಧಿ ಆರೋಗ್ಯದಲ್ಲಿಯೇ ಕಳೆದುಹೋಗುವುದೂ ಈ ವಯಸ್ಸಿನಲ್ಲಿಯೇ. ಪುಣೆ, ಹೈದರಾಬಾದುಗಳ ಕಂಪನಿಗಳಲ್ಲಿರುವವರು ಮಾಲೀಕರು ಕೊಡುವ ಗುಂಪು ವಿಮೆಯನ್ನೇ ನೆಚ್ಚುತ್ತಾರೆ. ಕೆಲಸ ಹೋದರೆ ಆ ವಿಮೆಯೂ ಹೋಗುತ್ತದೆ. ಐವತ್ತರಲ್ಲಿ ರಕ್ತದೊತ್ತಡದೊಂದಿಗೆ ಹೊಸ ಪಾಲಿಸಿಯನ್ನು ಅರಸುವುದಕ್ಕಿಂತ ಇಂದೇ ಚಿಕ್ಕದೊಂದು ಸ್ವಂತ ಪಾಲಿಸಿಯನ್ನು ಕೊಂಡು, ಅದರ ಮೇಲೆ ಟಾಪ್-ಅಪ್ ಸೇರಿಸುವುದು ಅಗ್ಗದ ದಾರಿ.

ಎಪ್ಪತ್ತು ದಾಟಿದ ತಂದೆತಾಯಿಯರ ಲೆಕ್ಕ ಬೇರೆ. ಅವರ ಕಂತು ದೊಡ್ಡದು, ಸಹಪಾವತಿಯೂ ಹೆಚ್ಚು. ಅಲ್ಲಿ ಕಂತಿನ ಹಣವನ್ನು ಪ್ರತ್ಯೇಕ ನಿಧಿಯಾಗಿಟ್ಟು ಸರ್ಕಾರದ ಯೋಜನೆಯನ್ನು ಆಶ್ರಯಿಸುವುದು ಕೆಲವು ಮನೆಗಳಿಗೆ ನ್ಯಾಯವಾದ ಆಯ್ಕೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯನ್ನು 2024ರ ಅಕ್ಟೋಬರಿನಲ್ಲಿ 70 ವರ್ಷ ದಾಟಿದ ಎಲ್ಲರಿಗೂ ಆದಾಯದ ಮಿತಿಯಿಲ್ಲದೆ, ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ವಿಸ್ತರಿಸಲಾಯಿತು. ಮಹಾರಾಷ್ಟ್ರವು 2023ರಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯನ್ನು ರಾಜ್ಯದ ಎಲ್ಲ ಪಡಿತರ ಚೀಟಿದಾರರಿಗೂ ತೆರೆಯಲು ನಿರ್ಧರಿಸಿತು. ತಂದೆತಾಯಿ ಊರಿನಲ್ಲಿದ್ದಾರೆಯೇ, ಮಕ್ಕಳ ಬಳಿಯಲ್ಲಿದ್ದಾರೆಯೇ, ಪಡಿತರ ಚೀಟಿ ಯಾವ ರಾಜ್ಯದ್ದು, ಆ ರಾಜ್ಯದಲ್ಲಿ ಯೋಜನೆ ಜಾರಿಯಲ್ಲಿದೆಯೇ, ಹತ್ತಿರದ ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ ಎಂಬುದನ್ನು ಆರೋಗ್ಯವಾಗಿರುವಾಗಲೇ ವಿಚಾರಿಸಿ ಕಾರ್ಡು ಮಾಡಿಸಬೇಕು. ಆಂಬುಲೆನ್ಸಿನಲ್ಲಿ ಕುಳಿತು ವಿಚಾರಿಸುವ ವಿಷಯ ಇದಲ್ಲ.

ಆದರೆ ವಿಮೆಯೇ ಆರೋಗ್ಯನೀತಿಯೆಂದು ಸರ್ಕಾರಗಳು ಭಾವಿಸುವುದನ್ನು ಒಪ್ಪಲಾಗದು. 2017ರ ರಾಷ್ಟ್ರೀಯ ಆರೋಗ್ಯ ನೀತಿಯು 2025ರ ವೇಳೆಗೆ ಸಾರ್ವಜನಿಕ ಆರೋಗ್ಯ ವೆಚ್ಚವನ್ನು ರಾಷ್ಟ್ರೀಯ ಉತ್ಪನ್ನದ ಶೇಕಡಾ 2.5ಕ್ಕೆ ಏರಿಸುವ ಗುರಿಯಿಟ್ಟಿತ್ತು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳಂತೆ 2021-22ರಲ್ಲಿ ಅದು ಶೇಕಡಾ 1.84 ಮಾತ್ರ. ಅದೇ ವರ್ಷ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇಕಡಾ 39.4ರಷ್ಟನ್ನು ಜನರು ನೇರವಾಗಿ ತಮ್ಮ ಜೇಬಿನಿಂದಲೇ ತೆತ್ತರು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇಕಡಾ 18ರ ಜಿಎಸ್‌ಟಿ ರದ್ದಾಗಿ, 30,000 ರೂಪಾಯಿಯ ಕಂತಿನ ಮೇಲೆ 5,400 ರೂಪಾಯಿಯ ತೆರಿಗೆ ಉಳಿದುದು ಸ್ವಾಗತಾರ್ಹ. ಕಂಪನಿಗಳು ಮೂಲ ಕಂತನ್ನು ಏರಿಸಿದರೆ, ಆಸ್ಪತ್ರೆಗಳು ದರವನ್ನು ಏರಿಸಿದರೆ ಆ ಉಳಿತಾಯ ಕರಗಿಹೋಗುತ್ತದೆ. ಮತ ಕೇಳಲು ಬರುವವರಿಗೆ ಜಿಲ್ಲಾಸ್ಪತ್ರೆಯ ಸ್ಥಿತಿ, ಖಾಸಗಿ ಆಸ್ಪತ್ರೆಯ ದರ ನಿಯಂತ್ರಣಗಳ ಪ್ರಶ್ನೆಯನ್ನು ಕೇಳುವುದು ಅಲ್ಪಸಂಖ್ಯಾತ ಸಮಾಜದ ನಾಗರಿಕ ಕರ್ತವ್ಯ.

ಕೊನೆಯದಾಗಿ ಕಂತನ್ನೇ ಕಟ್ಟಲಾರದ ಮನೆಗಳ ಮಾತು. ಅಂಗಡಿಯಲ್ಲಿ ಲೆಕ್ಕ ಬರೆಯುವವರು, ಅಡುಗೆಯವರು, ಬಸದಿಯ ಪುರೋಹಿತರು, ಒಂಟಿಯಾಗಿ ಮಕ್ಕಳನ್ನು ಸಾಕುವ ವಿಧವೆಯರು ಪ್ರತಿ ನಗರದ ಸಮಾಜದಲ್ಲಿಯೂ ಇದ್ದಾರೆ. ಅವರಲ್ಲೊಬ್ಬರು ಆಸ್ಪತ್ರೆ ಸೇರಿದಾಗ ವಾಟ್ಸಾಪಿನಲ್ಲಿ ರೋಗಿಯ ಭಾವಚಿತ್ರ, ಬ್ಯಾಂಕಿನ ಖಾತೆಯ ಸಂಖ್ಯೆ ಹರಿದಾಡುತ್ತವೆ. ಹಣ ಕೂಡಬಹುದು, ಕೂಡದಿರಬಹುದು. ಆ ಮನೆಯ ಮಾನವಂತೂ ಬೀದಿಗೆ ಬಂದಿರುತ್ತದೆ. ಅದೇ ಸಮಾಜ ಒಂದು ಅಭಿಷೇಕದ ಕಲಶದ ಸವಾಲಿಗೆ ಕೂಗುವ ಹಣದಲ್ಲಿ ಹಲವು ಮನೆಗಳ ವರ್ಷದ ಕಂತು ತೀರುತ್ತದೆ. ಪೂಜೆ ನಿಲ್ಲಬೇಕೆಂದಲ್ಲ. ಪ್ರತಿ ಸವಾಲಿನ ಒಂದು ಪಾಲು ಔಷಧದಾನಕ್ಕೆ ಮೀಸಲಾಗಲಿ ಎಂಬುದಷ್ಟೇ ಬೇಡಿಕೆ.

ಇದಕ್ಕೆ ಮಾದರಿಗಳು ಕರ್ನಾಟಕದಲ್ಲಿಯೇ ಇವೆ. 2003ರಲ್ಲಿ ಕಾರ್ಯಾರಂಭ ಮಾಡಿದ ಯಶಸ್ವಿನಿ ಯೋಜನೆ, ಸಹಕಾರಿ ಸಂಘದ ರೈತರಿಂದ ತಿಂಗಳಿಗೆ ಕೇವಲ 5 ರೂಪಾಯಿಯಂತೆ ಪಡೆದು ಶಸ್ತ್ರಚಿಕಿತ್ಸೆಯನ್ನು ಅವರ ಕೈಗೆಟಕಿಸಿತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು ಸಂಪೂರ್ಣ ಸುರಕ್ಷಾ ಎಂಬ ಹೆಸರಿನಲ್ಲಿ ಸ್ವಸಹಾಯ ಗುಂಪುಗಳ ಬಡ ಕುಟುಂಬಗಳಿಗೆ ವಿಮೆಯನ್ನು ತಲುಪಿಸಿತು. ನಗರದ ಜೈನ ಸಂಘಗಳು ಇವನ್ನು ಹಾಗೆಯೇ ಅನುಕರಿಸಲಾಗದು. ಕಂತು ಪಡೆದು ಪರಿಹಾರದ ಭರವಸೆ ಕೊಡುವುದು ವಿಮಾ ವ್ಯವಹಾರ. ಅದಕ್ಕೆ ಪ್ರಾಧಿಕಾರದ ನೋಂದಣಿ ಬೇಕು. ಆದರೆ ಬಡ ಸಾಧರ್ಮಿಯ ಕಂತನ್ನು ನಿಧಿಯಿಂದ ಕಟ್ಟುವುದಕ್ಕೆ, ಬಹುಕಾಲದ ಸದಸ್ಯರಿರುವ ಸಂಘದ ಹೆಸರಿನಲ್ಲಿ ಮಾನ್ಯ ಕಂಪನಿಯಿಂದ ಗುಂಪು ಪಾಲಿಸಿ ಕೋರುವುದಕ್ಕೆ, ವರ್ಷಕ್ಕೊಮ್ಮೆ ಬಸದಿಯ ಸಭಾಂಗಣದಲ್ಲಿ ಸರ್ಕಾರಿ ಕಾರ್ಡುಗಳ ಶಿಬಿರ ನಡೆಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಸಮಾಜದಲ್ಲಿ ಲೆಕ್ಕಪರಿಶೋಧಕರಿಗೂ ವೈದ್ಯರಿಗೂ ಕೊರತೆಯಿಲ್ಲ. ತಿಂಗಳಿಗೊಂದು ಭಾನುವಾರ ಇಬ್ಬರು ಕುಳಿತು ಪಾಲಿಸಿಯ ನಿಬಂಧನೆಗಳನ್ನು ಕನ್ನಡದಲ್ಲಿ ಓದಿ ಹೇಳಿದರೆ ಅದು ಶಾಸ್ತ್ರದಾನದಷ್ಟೇ ಪುಣ್ಯದ ಕೆಲಸ.

ವಿಮೆಯಿಲ್ಲದ ಮನೆ ಕಂತನ್ನು ಉಳಿಸಿದೆಯೆಂದು ಕಾಣುತ್ತದೆ. ವಾಸ್ತವವಾಗಿ ಅದು ಆ ಭಾರವನ್ನು ಅಣ್ಣನ ಮೇಲೆ, ಹೆಂಡತಿಯ ಬಳೆಗಳ ಮೇಲೆ, ಮಕ್ಕಳ ಓದಿನ ಮೇಲೆ, ಕೊನೆಗೆ ಸಮಾಜದ ಮೇಲೆ ಹೇಳದೆಯೇ ಹೊರಿಸಿರುತ್ತದೆ. ಆ ಭಾರವನ್ನು ಮೊದಲೇ ಎಣಿಸಿ, ಶಕ್ತಿಯಿದ್ದವರು ತಮ್ಮದನ್ನು ತಾವು ಹೊತ್ತು, ಶಕ್ತಿಯಿಲ್ಲದವರದನ್ನು ಎಲ್ಲರೂ ಹಂಚಿಕೊಂಡರೆ ಔಷಧದಾನ ಪ್ರವಚನದಿಂದ ಇಳಿದು ಮನೆಮನೆಗೆ ಬರುತ್ತದೆ. ಈ ವರ್ಷದ ಪರ್ವ ಮುಗಿಯುವ ಮೊದಲು ಪ್ರತಿ ನಗರದ ಸಂಘವೂ ತನ್ನಲ್ಲಿ ವಿಮೆಯಿಲ್ಲದ, ಕಾರ್ಡಿಲ್ಲದ ಮನೆಗಳೆಷ್ಟು ಎಂಬ ಪಟ್ಟಿಯನ್ನು ಸಿದ್ಧಪಡಿಸಲಿ. ಆ ಪಟ್ಟಿ ಮುಂದಿನ ಪರ್ವದ ವೇಳೆಗೆ ಚಿಕ್ಕದಾಗಲಿ.

ಜೈ ಜಿನೇಂದ್ರ.