ತಾಮ್ರದ ಚೊಂಬು ಕೊಡಬೇಡಿ

(ಕೂಕಟ್‌ಪಲ್ಲಿಯಲ್ಲಿ ನಡೆದ ಮಹಿಳಾ ವೇದಿಕೆಯ ವಾರ್ಷಿಕ ಸಮಾರಂಭದಲ್ಲಿ ಆಡಿದ ಮಾತುಗಳ ಬರಹ ರೂಪ)

 

ಪ್ರತಿ ವರ್ಷ ನಾನು ಇಲ್ಲಿ ಹಾಡಿಗೆ ತಾಳ ಹಾಕುವವಳು, ರಂಗೋಲಿ ಸ್ಪರ್ಧೆಗೆ ಹೆಸರು ಬರೆದುಕೊಳ್ಳುವವಳು. ಮೈಕು ಹಿಡಿದವಳಲ್ಲ. ಈ ಸಲ ಕಾರ್ಯದರ್ಶಿಯವರು ಫೋನ್ ಮಾಡಿ "ಅಪರೂಪದ ಕಾಯಿಲೆಗಳ ಬಗ್ಗೆ ಹದಿನೈದು ನಿಮಿಷ ಮಾತಾಡ್ತೀರಾ? ನಿಮಗೆ ಗೊತ್ತಲ್ಲ" ಅಂದರು. ನಾನು ಡಾಕ್ಟರಲ್ಲ. ನನಗೆ ಹೇಗೆ ಗೊತ್ತು ಅನ್ನುವುದು ಇಲ್ಲಿ ಮೂರು ನಾಲ್ಕು ಜನಕ್ಕೆ ಮಾತ್ರ ತಿಳಿದಿದೆ. ಉಳಿದವರಿಗೆ ಇವತ್ತು ಹೇಳುತ್ತಿದ್ದೇನೆ. ಮಗಳನ್ನು ಕೇಳಿಯೇ ಬಂದಿದ್ದೇನೆ.

2018ರಲ್ಲಿ ನನ್ನ ಮಗಳು ಎಂಟನೇ ಕ್ಲಾಸಿನಲ್ಲಿದ್ದಳು. ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದ ಹುಡುಗಿ. ಆರು ತಿಂಗಳಲ್ಲಿ ಅಕ್ಷರ ಕೋಳಿ ಕಾಲಾಯಿತು. ಶಾಲೆಯಿಂದ ದೂರು ಬಂತು: ಸೋಮಾರಿತನ, ಗಮನ ಇಲ್ಲ, ಮೊಬೈಲ್ ಕಡಿಮೆ ಮಾಡಿಸಿ. ನಾನೂ ಬೈದೆ. ಪರೀಕ್ಷೆಯ ಹಿಂದಿನ ರಾತ್ರಿ ಒಂದೇ ಪುಟವನ್ನು ಹತ್ತು ಸಲ ಬರೆಸಿದ್ದೆ. ಕೈ ನಡುಗುತ್ತಿತ್ತು, ಹೆದರಿಕೆಗೆ ನಡುಗುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ಮಾತು ತೊದಲಿತು, ಬೆಳಿಗ್ಗೆ ದಿಂಬು ಒದ್ದೆಯಾಗಿರುತ್ತಿತ್ತು. ಊರಿಂದ ಅಮ್ಮ ತಾಯಿತ ಕಳಿಸಿದರು. ಪಕ್ಕದ ಮನೆಯ ಆಂಟಿ ದೃಷ್ಟಿ ತೆಗೆದರು. ಒಬ್ಬ ಡಾಕ್ಟರು ಮನಸ್ಸಿನ ಕಾಯಿಲೆ ಅಂತ ಮಾತ್ರೆ ಕೊಟ್ಟರು, ಇನ್ನೊಬ್ಬರು ವಿಟಮಿನ್ ಕೊಟ್ಟರು. ಒಂಬತ್ತನೇ ವಯಸ್ಸಿನಲ್ಲಿ ಅವಳಿಗೆ ಒಮ್ಮೆ ಕಾಮಾಲೆ ಆಗಿತ್ತು, ಸೊಪ್ಪಿನ ಔಷಧಿಯಲ್ಲಿ ಇಳಿದಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇರಬಹುದು ಅಂತ ನಮಗೆ ಹೊಳೆಯಲೇ ಇಲ್ಲ, ಯಾರೂ ಕೇಳಲೂ ಇಲ್ಲ.

ಕೊನೆಗೆ ಕೇಳಿದವರು ಒಬ್ಬ ನರರೋಗ ತಜ್ಞೆ. "ಹಿಂದೆ ಜಾಂಡೀಸ್ ಆಗಿತ್ತಾ? ನೀವು ಗಂಡ ಹೆಂಡತಿ ಸಂಬಂಧಿಕರಾ?" ಎರಡೇ ಪ್ರಶ್ನೆ. ನನ್ನ ಗಂಡ ನನ್ನ ಸೋದರತ್ತೆಯ ಮಗ. ಅವರು ತಕ್ಷಣ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು. ಅಲ್ಲಿ ಕಣ್ಣನ್ನು ದೊಡ್ಡದಾಗಿ ತೋರಿಸುವ ಯಂತ್ರದ ಮುಂದೆ ಮಗಳ ಗದ್ದ ಇರಿಸಿ, ನೋಡಿ ಮುಗಿಸಿದ ಮೇಲೆ ಅವರು ನನ್ನನ್ನೂ ಕರೆದು ತೋರಿಸಿದರು. ಕರಿಗುಡ್ಡೆಯ ಅಂಚಿನ ಸುತ್ತ ಕಂದು ಹಸಿರು ಬಣ್ಣದ ಒಂದು ತೆಳ್ಳನೆಯ ಉಂಗುರ. ಹದಿಮೂರು ವರ್ಷ ದಿನವೂ ನೋಡಿದ ಕಣ್ಣು. ನನಗೆ ಕಂಡಿರಲಿಲ್ಲ.

ಆ ಉಂಗುರ ತಾಮ್ರದ್ದು. ಕಾಯಿಲೆಯ ಹೆಸರು ವಿಲ್ಸನ್ ಕಾಯಿಲೆ. ಲಂಡನ್ನಿನ ನರರೋಗ ತಜ್ಞ ಕಿನ್ನಿಯರ್ ವಿಲ್ಸನ್ 1912ರಲ್ಲಿ ಇದನ್ನು ವಿವರಿಸಿ ಬರೆದರು, ಅದಕ್ಕೆ ಆ ಹೆಸರು. ನಾವು ತಿನ್ನುವ ಅನ್ನ, ಬೇಳೆ, ಕಾಯಿಪಲ್ಯ ಎಲ್ಲದರಲ್ಲೂ ಚೂರು ಚೂರು ತಾಮ್ರ ಇರುತ್ತದೆ. ದೇಹಕ್ಕೆ ಅದು ಬೇಕು, ಆದರೆ ಸ್ವಲ್ಪವೇ ಬೇಕು. ಹೆಚ್ಚಾದದ್ದನ್ನು ಪಿತ್ತಜನಕಾಂಗ ಪಿತ್ತದ ಜೊತೆ ಹೊರಗೆ ಹಾಕುತ್ತದೆ. ಈ ಮಕ್ಕಳಲ್ಲಿ ಆ ಕೆಲಸ ಮಾಡಿಸುವ ಜೀನು ಕೆಟ್ಟಿರುತ್ತದೆ. ಹುಟ್ಟಿದಂದಿನಿಂದ ತಾಮ್ರ ಮೊದಲು ಪಿತ್ತಜನಕಾಂಗದಲ್ಲಿ, ಆಮೇಲೆ ಮಿದುಳಿನಲ್ಲಿ, ಕಣ್ಣಿನಲ್ಲಿ ಕೂರುತ್ತಾ ಹೋಗುತ್ತದೆ. ಸುಮಾರು ಮೂವತ್ತು ಸಾವಿರ ಜನರಲ್ಲಿ ಒಬ್ಬರಿಗೆ ಅಂತ ಪುಸ್ತಕದಲ್ಲಿ ಬರೆದಿರುತ್ತಾರೆ. ಆ ಒಬ್ಬರು ನಮ್ಮ ಮನೆಯಲ್ಲಿದ್ದರೆ ಆ ಲೆಕ್ಕ ಇಟ್ಟುಕೊಂಡು ಏನು ಮಾಡುವುದು ಹೇಳಿ. ಆದರೂ ಒಂದು ಲೆಕ್ಕ ನನಗೆ ಧೈರ್ಯ ಕೊಟ್ಟಿತು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂವತ್ತು ವರ್ಷಗಳಲ್ಲಿ ತಾವು ನೋಡಿದ 282 ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದ್ದಾರೆ. ನಾವೊಬ್ಬರೇ ಅಲ್ಲ ಅಂತ ಗೊತ್ತಾದ ದಿನ ನಾನು ಊಟ ಮಾಡಿದೆ.

ದೊಡ್ಡ ಸಮಾಧಾನ ಏನೆಂದರೆ ಇದಕ್ಕೆ ಮದ್ದಿದೆ. ಪೆನಿಸಿಲಮೈನ್ ಅನ್ನುವ ಮಾತ್ರೆ ದೇಹದ ತಾಮ್ರವನ್ನು ಹಿಡಿದು ಮೂತ್ರದಲ್ಲಿ ಹೊರಗೆ ತರುತ್ತದೆ. 1956ರಿಂದಲೂ ಇರುವ ಹಳೆಯ ಮದ್ದು. ಸತುವಿನ ಔಷಧಿ ತಾಮ್ರ ಹೊಟ್ಟೆಯಿಂದ ರಕ್ತಕ್ಕೆ ಸೇರದ ಹಾಗೆ ತಡೆಯುತ್ತದೆ. ಆದರೆ ಜೀವನಪೂರ್ತಿ ತೆಗೆದುಕೊಳ್ಳಬೇಕು, ಅದೂ ಖಾಲಿ ಹೊಟ್ಟೆಯಲ್ಲಿ. ಶುರುವಾದ ಮೊದಲ ತಿಂಗಳಲ್ಲಿ ಮಗಳ ನಡುಕ ಇನ್ನೂ ಹೆಚ್ಚಾಯಿತು, ನಡೆಯುವಾಗ ಗೋಡೆ ಹಿಡಿಯುತ್ತಿದ್ದಳು. ಕೆಲವರಿಗೆ ಹಾಗಾಗುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಆದರೂ ಮನೆಯಲ್ಲಿ ಎಲ್ಲರೂ "ಈ ಮಾತ್ರೆಯೇ ಹುಡುಗಿಯನ್ನು ಹಾಳು ಮಾಡುತ್ತಿದೆ, ನಿಲ್ಲಿಸು" ಅಂದರು. ಡಾಕ್ಟರು ಪ್ರಮಾಣ ಕಡಿಮೆ ಮಾಡಿ ನಿಧಾನವಾಗಿ ಏರಿಸಿದರು. ವರ್ಷ ಕಳೆಯುವ ಹೊತ್ತಿಗೆ ಅವಳು ತನ್ನ ಜಡೆ ತಾನೇ ಹೆಣೆದುಕೊಂಡಳು. 2020ರ ಲಾಕ್‌ಡೌನಿನಲ್ಲಿ ಇದೇ ಮಾತ್ರೆಗಾಗಿ ನನ್ನ ಗಂಡ ಕೆಪಿಎಚ್‌ಬಿ ಕಾಲೊನಿಯಿಂದ ಅಮೀರ್‌ಪೇಟೆವರೆಗೆ ಮೆಡಿಕಲ್ ಶಾಪುಗಳ ಬಾಗಿಲು ಬಡಿದಿದ್ದಾರೆ. ಸಾವಿರಾರು ಜನ ಕೊಳ್ಳುವ ಮಾತ್ರೆಯನ್ನು ಅಂಗಡಿಯವರು ಇಡುತ್ತಾರೆ; ಊರಿಗೊಬ್ಬರು ಕೊಳ್ಳುವುದನ್ನು ಯಾರು ಇಡುತ್ತಾರೆ? ಅಪರೂಪದ ಕಾಯಿಲೆ ಅಂದರೆ ಇದೂ ಒಂದು ಪಾಡು.

ಇನ್ನೊಂದು ಮಾತು ಹೇಳದೆ ಬಿಟ್ಟರೆ ಮೋಸವಾಗುತ್ತದೆ. ಒಂದು ಮಗುವಿಗೆ ಇದ್ದರೆ ಒಡಹುಟ್ಟಿದವರಿಗೂ ಇರುವ ಸಂಭವ ನಾಲ್ಕರಲ್ಲಿ ಒಂದು. ನನ್ನ ಮಗನಿಗೆ ಆಗ ಹತ್ತು ವರ್ಷ. ಅಂಗಳದಲ್ಲಿ ಕ್ರಿಕೆಟ್ ಆಡಿಕೊಂಡು ಗುಂಡುಕಲ್ಲಿನ ಹಾಗಿದ್ದ. ರಕ್ತ ಕೊಟ್ಟು, ಇಪ್ಪತ್ನಾಲ್ಕು ಗಂಟೆಯ ಮೂತ್ರ ಕ್ಯಾನಿನಲ್ಲಿ ಹಿಡಿದು ಪರೀಕ್ಷೆಗೆ ಕೊಟ್ಟೆವು. ಅವನಿಗೂ ಇತ್ತು. ಆ ವರದಿ ಹಿಡಿದುಕೊಂಡು ಮೆಟ್ರೊ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕೂತಿದ್ದು ನೆನಪಿದೆ. ಆದರೆ ನೋಡಿ, ಅವನಿಗೆ ಅವತ್ತೇ ಔಷಧಿ ಶುರುವಾಯಿತು. ಇವತ್ತಿನವರೆಗೆ ಅವನ ಕೈ ನಡುಗಿಲ್ಲ. ಅಕ್ಕ ಪಟ್ಟ ಪಾಡು ತಮ್ಮನನ್ನು ಉಳಿಸಿತು. ಅವಳು ಆಗಾಗ ಅವನ ಹತ್ತಿರ ಅದಕ್ಕೆ ಬಾಡಿಗೆ ವಸೂಲಿ ಮಾಡುತ್ತಾಳೆ, ಚಾಕೊಲೇಟ್ ಮಾತ್ರ ಕೇಳುವ ಹಾಗಿಲ್ಲ, ಇಬ್ಬರಿಗೂ ಅದು ಪಥ್ಯ.

ಇದೆಲ್ಲ ಆಗುವಾಗ ನನಗೆ ಪದೇ ಪದೇ ನಮ್ಮೂರಿನ ಕಡೆಯ ಒಂದು ಹೆಸರು ನೆನಪಾಗುತ್ತಿತ್ತು. ಹಂದಿಗೋಡು. ನಾನು ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನವಳು. ಹಂದಿಗೋಡು ನಮ್ಮದೇ ತಾಲೂಕಿನ ಊರು. 1974-75ರ ಸುಮಾರಿಗೆ ಅಲ್ಲಿ ಒಂದು ವಿಚಿತ್ರ ಕಾಯಿಲೆ ಜನರ ಗಮನಕ್ಕೆ ಬಂತು. ಸೊಂಟದ ಕೀಲು, ಮಂಡಿ, ಬೆನ್ನು ನೋವು. ಬರುಬರುತ್ತಾ ನೆಟ್ಟಗೆ ನಿಲ್ಲಲಾಗದೆ ಕೋಲು ಹಿಡಿಯುವುದು, ಆಮೇಲೆ ಕುಕ್ಕರುಗಾಲಿನಲ್ಲೇ ತೆವಳುವುದು. ಕೆಲವು ಮನೆಗಳಲ್ಲಿ ಮಕ್ಕಳು ಎತ್ತರ ಬೆಳೆಯುತ್ತಲೇ ಇರಲಿಲ್ಲ. ಹಂದಿಗೋಡಿನ ಹೆಸರು ಅಂಟಿಕೊಂಡಿತೇ ಹೊರತು ಕಾಯಿಲೆ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿತ್ತು. ಬಂದದ್ದು ಚನ್ನಂಗಿ, ಚಲವಾದಿ ಸಮುದಾಯದ ಬಡ ಕೂಲಿ ಕುಟುಂಬಗಳಿಗೆ.

ನಾನು ಚಿಕ್ಕವಳಿದ್ದಾಗ ನಮ್ಮ ದೊಡ್ಡಪ್ಪನ ಗದ್ದೆಗೆ ನಾಟಿಗೆ ಬರುತ್ತಿದ್ದ ಒಬ್ಬ ಹೆಂಗಸು ಒಂದು ವರ್ಷ ಬಗ್ಗಲಾರೆ ಅಂದಳು. ಮರುವರ್ಷ ಕೋಲು ಹಿಡಿದು ಬಂದಳು. ಅದರ ಮಾರನೇ ವರ್ಷ ನಾಟಿಗೆ ಬರಲಿಲ್ಲ, ಅಡಿಕೆ ಸುಲಿಯಲು ಬಂದಳು. ಮೆಟ್ಟುಗತ್ತಿಯ ಮುಂದೆ ಕೂತು ಮಾಡುವ ಕೆಲಸ ಅದು. ಸಂಜೆ ಎದ್ದು ನಿಲ್ಲಲು ಇಬ್ಬರು ಹಿಡಿಯಬೇಕಿತ್ತು. ನಾವು ಮಕ್ಕಳು ಅವಳ ಹಾಗೆ ನಡೆದು ತೋರಿಸಿ ನಗುತ್ತಿದ್ದೆವು. ಇದನ್ನು ಹೇಳಲು ನಾಚಿಕೆಯಾಗುತ್ತದೆ. ಎಂಟನೇ ಕ್ಲಾಸಿನಲ್ಲಿ ನನ್ನ ಮಗಳ ಮಾತನ್ನು ಅವಳ ಸಹಪಾಠಿಗಳು ಅಣಕಿಸಿದರು ಅಂತ ಅವಳು ಅತ್ತಾಗ, ನನಗೆ ಆ ಅಡಿಕೆ ಅಂಗಳ ಕಣ್ಣ ಮುಂದೆ ಬಂತು.

ಈಗ ನೀವು ಆಶ್ಚರ್ಯಪಡುವ ಸಂಗತಿ. ಹಂದಿಗೋಡಿನ ಕಾಯಿಲೆಯನ್ನು ಮೊದಮೊದಲು ಅಧ್ಯಯನ ಮಾಡಿದವರು ನಮ್ಮ ಹೈದರಾಬಾದಿನವರೇ. ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ, ಎನ್‌ಐಎನ್ ಅನ್ನುತ್ತೇವಲ್ಲ, ಅಲ್ಲಿನ ವಿಜ್ಞಾನಿಗಳಾದ ಆರ್.ವಿ. ಭಟ್ ಮತ್ತು ಕೆ.ಎ.ವಿ.ಆರ್. ಕೃಷ್ಣಮಾಚಾರಿ. ಇದೇ ಕೃಷ್ಣಮಾಚಾರಿಯವರು ಅದಕ್ಕೂ ಮೊದಲು ಫ್ಲೋರೈಡ್ ನೀರಿನ ಊರುಗಳಲ್ಲಿ ಮಕ್ಕಳ ಮಂಡಿ ಒಳಕ್ಕೆ ಬಾಗುವುದರ ಬಗ್ಗೆ ಕೆಲಸ ಮಾಡಿದ್ದರು. ಮಲೆನಾಡಿನ ಈ ಕಾಯಿಲೆಯ ಬಗ್ಗೆ 1977ರಲ್ಲಿ ಅವರಿಬ್ಬರೂ ಪ್ರಬಂಧ ಪ್ರಕಟಿಸಿದರು, ಮಲೆನಾಡಿನ ಕೌಟುಂಬಿಕ ಸಂಧಿವಾತ ಅನ್ನುವ ಅರ್ಥದ ಹೆಸರು ಕೊಟ್ಟು. ನಾನು ವಾರಕ್ಕೊಮ್ಮೆ ಆ ರಸ್ತೆಯಲ್ಲಿ ಓಡಾಡಿದವಳು, ನನಗೆ ಇದು ಗೊತ್ತೇ ಇರಲಿಲ್ಲ.

ಆಗ ಒಂದು ಅನುಮಾನ ಬಹಳ ಹಬ್ಬಿತ್ತು. ಗದ್ದೆಗೆ ಹೊಡೆದ ಕೀಟನಾಶಕ ನೀರಿಗೆ ಸೇರಿ, ಆ ಗದ್ದೆಯ ಏಡಿ, ಮೀನು ತಿಂದದ್ದರಿಂದ ಹೀಗಾಯಿತು ಅಂತ. ವಿಜ್ಞಾನಿಗಳು ಅನುಮಾನ ಪಡುವುದು ಅವರ ಕೆಲಸ. ಆದರೆ ಊರಿನ ಬಾಯಲ್ಲಿ ಅದು "ಏಡಿ ತಿಂದರು, ಅನುಭವಿಸಿದರು" ಅಂತಾಯಿತು. ವಿಷ ಹೊಡೆಸಿದವರು ಯಾರು ಅಂತ ನಮ್ಮ ಮನೆಗಳಲ್ಲಿ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನಗಳಲ್ಲಿ ಇದು ವಂಶದಲ್ಲಿ ಹರಿದು ಬರುವ ಮೂಳೆಯ ಕಾಯಿಲೆ ಅಂತ ತಿಳಿಯಿತು. ಬೆಳೆಯುವ ವಯಸ್ಸಿನಲ್ಲಿ ಮೂಳೆಯ ತುದಿಗಳು ಸರಿಯಾಗಿ ರೂಪುಗೊಳ್ಳದೆ ಕೀಲು ಸವೆಯುತ್ತದೆ. ಮೂರು ಬಗೆ ಗುರುತಿಸಿದ್ದಾರೆ: ನೋವು ಇದ್ದು ಎತ್ತರ ಕಡಿಮೆಯಾಗದವರು, ಸ್ವಲ್ಪ ಗಿಡ್ಡವಾಗುವವರು, ತೀರಾ ಕುಬ್ಜರಾಗಿ ಉಳಿಯುವವರು. ನಮ್ಮ ಮನೆಯ ಕಾಯಿಲೆಯಲ್ಲಿ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನು ಬರಬೇಕು. ಹಂದಿಗೋಡಿನಲ್ಲಿ ಒಬ್ಬರಿಂದ ಬಂದರೆ ಸಾಕು, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ. ಅದಕ್ಕೇ ಅದು ತಲೆಮಾರಿನಿಂದ ತಲೆಮಾರಿಗೆ ಬಿಡದೆ ಕಾಣಿಸುತ್ತದೆ. ಮಾತ್ರೆಯಲ್ಲಿ ಗುಣವಾಗುವುದಲ್ಲ. ನೋವು ತಗ್ಗಿಸಬಹುದು, ಕೆಲವರಿಗೆ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆ ಮಾಡಬಹುದು, ಅಷ್ಟೇ. ಆ ಊರುಗಳ ಜೊತೆ ಮದುವೆ ಸಂಬಂಧ ಬೆಳೆಸಲು ಜನ ಹಿಂದೇಟು ಹಾಕಿದರು. ಕಾಯಿಲೆಗೆ ಊರಿನ ಹೆಸರಿಟ್ಟರೆ ಕಾಯಿಲೆ ಇಲ್ಲದವರ ಮೇಲೂ ಆ ಹೆಸರು ಕೂರುತ್ತದೆ.

ಬೆಂಗಳೂರಿನ ಪ್ರಸನ್ನ ಶಿರೋಳ್ ಅವರ ಹೆಸರು ನೀವು ಕೇಳಿರಬಹುದು. ಮಗಳಿಗೆ ಪಾಂಪೆ ಅನ್ನುವ ಸ್ನಾಯುವಿನ ಕಾಯಿಲೆ ಅಂತ ತಿಳಿದ ಮೇಲೆ ಇತರ ಕುಟುಂಬಗಳಿಗಾಗಿಯೂ ಓಡಾಡಿ ಅಪರೂಪದ ಕಾಯಿಲೆಗಳ ಸಂಘಟನೆ ಕಟ್ಟಿದವರು. ಅಂಥ ತಂದೆತಾಯಿಗಳು ಹಟ ಹಿಡಿದದ್ದಕ್ಕೇ 2021ರಲ್ಲಿ ಕೇಂದ್ರ ಸರ್ಕಾರದ ಅಪರೂಪದ ಕಾಯಿಲೆಗಳ ನೀತಿ ಬಂತು ಅಂತ ನಾನು ನಂಬಿದ್ದೇನೆ. ಅದರಲ್ಲಿ ಪಟ್ಟಿಯಾಗಿರುವ ಕಾಯಿಲೆಗಳಿಗೆ, ಗುರುತಿಸಿದ ಆಸ್ಪತ್ರೆಗಳ ಮೂಲಕ, 50 ಲಕ್ಷ ರೂಪಾಯಿವರೆಗೆ ಸಹಾಯ ಸಿಗುತ್ತದೆ. ಕೆಲವು ಕಾಯಿಲೆಗಳ ಔಷಧಿಗೆ ಅದು ಒಂದು ವರ್ಷಕ್ಕೂ ಸಾಲುವುದಿಲ್ಲ, ಆ ಮಾತು ಬೇರೆ. ಇಲ್ಲಿ ಹೈದರಾಬಾದಿನಲ್ಲಿ ಅಂಥ ಕೇಂದ್ರ ಪಂಜಗುಟ್ಟದ ನಿಮ್ಸ್, ಉಪ್ಪಲ್‌ನ ಸಿಡಿಎಫ್‌ಡಿ ಜೊತೆ ಸೇರಿ. ಕೂಕಟ್‌ಪಲ್ಲಿಯಲ್ಲಿ ಮೆಟ್ರೊ ಹತ್ತಿದರೆ ಬದಲಾಯಿಸದೆ ಪಂಜಗುಟ್ಟದಲ್ಲಿ ಇಳಿಯಬಹುದು. ಊರಲ್ಲಿ ಸಂಬಂಧಿಕರಿದ್ದರೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇದೆ, ಮಾನವ ತಳಿವಿಜ್ಞಾನ ಕೇಂದ್ರದ ಜೊತೆ.

ಕೆಲವೊಮ್ಮೆ ಅಪರೂಪ ಅನ್ನುವುದು ಕಾಯಿಲೆಯೂ ಅಲ್ಲ. ಕೋಲಾರದ ಒಬ್ಬ ಮಹಿಳೆ ಹೃದಯದ ಶಸ್ತ್ರಚಿಕಿತ್ಸೆಗೆ ಸೇರಿದಾಗ ಅವರ ರಕ್ತ ಯಾರದ್ದಕ್ಕೂ ಹೊಂದಲಿಲ್ಲ. ಮನೆಯ 20 ಜನರ ರಕ್ತ ನೋಡಿದರೂ ಹೊಂದಲಿಲ್ಲ. ವೈದ್ಯರು ರಕ್ತ ಕೊಡದೆಯೇ ಶಸ್ತ್ರಚಿಕಿತ್ಸೆ ಮುಗಿಸಿದರು. ಮಾದರಿ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋಯಿತು, ಜಗತ್ತಿನಲ್ಲಿ ಅದುವರೆಗೆ ಕಾಣದ ಹೊಸ ಗುರುತು ಅದರಲ್ಲಿ ಸಿಕ್ಕಿತು. 2025ರ ಜೂನ್‌ನಲ್ಲಿ ಅದಕ್ಕೆ 'ಕ್ರಿಬ್' ಅಂತ ಹೆಸರಿಟ್ಟರು. ಆ ಹೆಸರಿನ ಕೊನೆಯ ಅಕ್ಷರ ಬೆಂಗಳೂರಿನದು. ನಾನು ಆ ಸುದ್ದಿ ಓದಿ ಮಕ್ಕಳಿಗೆ ತೋರಿಸಿದೆ. ಮಗ "ನಮ್ಮದೂ ಕಂಡುಹಿಡಿಯದೇ ಇದ್ದಿದ್ದರೆ ಕೂಕಟ್‌ಪಲ್ಲಿ ಕಾಯಿಲೆ ಅಂತ ಇಡಬಹುದಿತ್ತು" ಅಂದ. ಬೇಡಪ್ಪ, ಹಂದಿಗೋಡಿನವರನ್ನು ಕೇಳು ಅಂದೆ.

ಮೂರು ವರ್ಷ ನಾವು ಇದನ್ನು ಬಂಧುಗಳಿಂದ ಮುಚ್ಚಿಟ್ಟೆವು. ಹುಡುಗಿಯ ಮದುವೆ ಆಗಬೇಕಲ್ಲ ಅಂತ. ಮುಚ್ಚಿಟ್ಟದ್ದರಿಂದ ನನ್ನ ನಾದಿನಿಯ ಮಕ್ಕಳ ಪರೀಕ್ಷೆ ಮೂರು ವರ್ಷ ತಡವಾಯಿತು. ಅವರೂ ಸಂಬಂಧದಲ್ಲೇ ಮದುವೆಯಾದವರು. ದೇವರ ದಯೆ, ಆ ಮಕ್ಕಳಿಗೆ ಇಲ್ಲ. ಇದ್ದಿದ್ದರೆ ನಾನು ಅವಳಿಗೆ ಯಾವ ಮುಖ ತೋರಿಸುತ್ತಿದ್ದೆ? ತಳಿ ಸಲಹೆ ಕೊಡುವ ಡಾಕ್ಟರು ಮಗಳನ್ನೇ ಎದುರು ಕೂರಿಸಿಕೊಂಡು ಹೇಳಿದರು: ಔಷಧಿ ಬಿಡದಿದ್ದರೆ ಮದುವೆ ಆಗಬಹುದು, ಮಕ್ಕಳನ್ನೂ ಹೆರಬಹುದು, ಹೊರಗಿನ ಸಂಬಂಧವಾದರೆ ಮಕ್ಕಳಿಗೆ ಬರುವ ಸಂಭವ ತುಂಬ ಕಡಿಮೆ, ಮತ್ತೆ ಸೋದರಿಕೆಯಲ್ಲಿ ಮಾತ್ರ ಬೇಡ. ಮನೆಗೆ ಬಂದು ಅವಳು ಅಜ್ಜಿಗೆ ಫೋನ್ ಮಾಡಿ "ಸೋದರಮಾವನ ಮಗ ಕ್ಯಾನ್ಸಲ್ ಅಜ್ಜಿ" ಅಂದಳು. ನಗುತ್ತಲೇ ಅಂದಳು. ಅಜ್ಜಿ ನಗಲಿಲ್ಲ.

ಈಗ ಡಿಗ್ರಿ ಕೊನೆಯ ವರ್ಷದಲ್ಲಿದ್ದಾಳೆ. ಮಾತು ಸ್ವಲ್ಪ ನಿಧಾನ, ಅಕ್ಷರ ಹಿಂದಿನ ಹಾಗಿಲ್ಲ, ಲ್ಯಾಪ್‌ಟಾಪ್ ಇದೆ. ಈ ಭಾಷಣ ಬರೆಯುವಾಗ ಏನು ಹೇಳಲಿ ಅಂತ ಕೇಳಿದೆ. "ಹೆಚ್ಚು ಹೇಳಬೇಡ ಅಮ್ಮ. ತಾಮ್ರದ ಚೊಂಬು ಕೊಡಬೇಡಿ ಅಂತ ಹೇಳು, ಸಾಕು" ಅಂದಳು. ನಮ್ಮ ಮನೆಯಲ್ಲಿ ಗೃಹಪ್ರವೇಶ, ಸೀಮಂತ, ನಾಮಕರಣಗಳಿಂದ ಬಂದ ತಾಮ್ರದ ಚೊಂಬುಗಳು ಏಳು ಇವೆ. ನೀರು ಕುಡಿಯಿರಿ, ಆರೋಗ್ಯಕ್ಕೆ ಒಳ್ಳೆಯದು ಅಂತ ಚೀಟಿ ಬೇರೆ. ನಿಮಗೆ ಒಳ್ಳೆಯದಿರಬಹುದು, ಬೇಡ ಅನ್ನುವುದಿಲ್ಲ. ಕಳೆದ ರಾಜ್ಯೋತ್ಸವಕ್ಕೆ ನಮ್ಮ ಸಂಘದವರೇ ಮನೆಗೊಂದು ತಾಮ್ರದ ಬಾಟಲಿ ಹಂಚಿದ್ದೀರಿ. ಕಾರ್ಯದರ್ಶಿಯವರು ಕ್ಷಮಿಸಬೇಕು, ಅದನ್ನು ಬ್ಯಾಗಿನಲ್ಲಿ ತಂದಿದ್ದೇನೆ, ಸ್ಟೀಲಿನದು ಇದ್ದರೆ ಬದಲಾಯಿಸಿಕೊಡಿ.

ಮಗಳು ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಏನಾದರೂ ಕೇಳಬೇಕಿದ್ದರೆ ನನ್ನನ್ನಲ್ಲ, ಅವಳನ್ನೇ ಕೇಳಿ. ಉತ್ತರಕ್ಕೆ ಒಂದು ನಿಮಿಷ ಕಾಯಬೇಕಾಗಬಹುದು. ಊಟಕ್ಕೆ ಮೊದಲು ಅವಳು ಮಾತ್ರೆ ನುಂಗಿ ಒಂದು ಗಂಟೆ ಕಾಯುವುದು ಇದ್ದೇ ಇದೆ, ಸಮಯವಿದೆ.